ಸಸ್ಯವಿಜ್ಞಾನಿ ಶಿವರಾಮ ಕಶ್ಯಪರು

ಮಳೆಗಾಲ ಬಂತೆಂದರೆ ಬಾವಿಕಟ್ಟೆಯ ಕಲ್ಲು, ಹಳೆಯ ಗೋಡೆ, ಮರದ ಬುಡ ಎಲ್ಲವೂ ಹಸುರುಡುತ್ತವೆ. ಕಾಲು ಜಾರೀತೆಂಬ ಎಚ್ಚರದಿಂದ ದಾಟಿಹೋಗುವ ಜನರು ಆ ಹಸುರನ್ನೆಲ್ಲ ಹಾವಸೆ ಎಂಬ ಒಂದೇ ಮಾತಿನಲ್ಲಿ ಮುಗಿಸಿಬಿಡುತ್ತಾರೆ. ಆದರೆ ಆ ಒಂದು ಮಾತಿನಲ್ಲಿ ಮೂರು ಬೇರೆ ಬೇರೆ ಸಸ್ಯವರ್ಗಗಳು ಅಡಗಿವೆ. ಸಣ್ಣ ಕಾಂಡ, ಎಲೆಗಳುಳ್ಳ ನಿಜವಾದ ಹಾವಸೆಗಳು ಒಂದು ವರ್ಗ. ಹಲವು ಜಾತಿಗಳಲ್ಲಿ ಯಕೃತ್ತಿನ ಹಾಲೆಯಂತೆ ನೆಲಕ್ಕೊರಗಿ ಹರಡುವ ಲಿವರ್‌ವರ್ಟ್‌ಗಳು ಇನ್ನೊಂದು. ಚಪ್ಪಟೆಯಾದ ಮೈಯಿಂದ ಕೊಂಬಿನಂಥ ಬೀಜಕಕೋಶವನ್ನು ಎತ್ತಿ ನಿಲ್ಲಿಸುವ ಹಾರ್ನ್‌ವರ್ಟ್‌ಗಳು ಮತ್ತೊಂದು. ಇವಕ್ಕೆ ನಿಜವಾದ ಬೇರಿಲ್ಲ, ಹೂವಿಲ್ಲ, ಬೀಜವಿಲ್ಲ. ಪುರುಷಾಣುವು ನೀರಿನ ಪೊರೆಯಲ್ಲಿ ಈಜಿಕೊಂಡೇ ಅಂಡಾಣುವನ್ನು ಸೇರಬೇಕು. ಆದ್ದರಿಂದ ಮಳೆಯೊಡನೆ ಇವುಗಳ ನಂಟು ಬಿಡಿಸಲಾಗದ್ದು. ಇಂಥ ಅಲ್ಪವೆಂದು ತೋರುವ ಸಸ್ಯಗಳ ಅಭ್ಯಾಸಕ್ಕೆ ಬಾಳನ್ನೇ ಮುಡಿಪಿಟ್ಟು, ಭಾರತದಲ್ಲಿ ಆ ಶಾಸ್ತ್ರದ ಪಿತಾಮಹರೆನಿಸಿದವರು ಪ್ರೊಫೆಸರ್ ಶಿವರಾಮ ಕಶ್ಯಪರು.

ಕಶ್ಯಪರು 1882ರ ನವೆಂಬರ್ 6ರಂದು, ಇಂದು ಪಾಕಿಸ್ತಾನಕ್ಕೆ ಸೇರಿರುವ ಝೇಲಂ ನಗರದಲ್ಲಿ ಜನಿಸಿದರು. ಮನೆತನವು ಸೈನಿಕ ವೃತ್ತಿಯದು. ಮಗನಾದರೋ ವೈದ್ಯನಾಗಲು ಹೊರಟನು. ಆಗ್ರಾದ ವೈದ್ಯಕೀಯ ಶಾಲೆಯಲ್ಲಿ 1904ರಲ್ಲಿ ಡಿಪ್ಲೊಮಾ ಪಡೆದು ಸರಕಾರಿ ವೈದ್ಯ ಇಲಾಖೆಯಲ್ಲಿ ಸೇವೆಗೆ ಸೇರಿದ್ದಾಯಿತು. ಆ ಕಾಲದಲ್ಲಿ ಅದು ಗೌರವದ, ನಿಶ್ಚಿಂತೆಯ ಉದ್ಯೋಗ. ಆದರೂ ಅವರ ಓದಿನ ಹಸಿವು ತಣಿಯಲಿಲ್ಲ. ಸೇವೆಯಲ್ಲಿದ್ದುಕೊಂಡೇ ಪಂಜಾಬ್ ವಿಶ್ವವಿದ್ಯಾಲಯದ ವಿಜ್ಞಾನ ಪರೀಕ್ಷೆಗಳಿಗೆ ಕುಳಿತು ತೇರ್ಗಡೆಯಾದರು. ವೈದ್ಯವೃತ್ತಿಯನ್ನು ತೊರೆದು ಲಾಹೋರಿನ ಸರಕಾರಿ ಕಾಲೇಜಿನಲ್ಲಿ ಅಧ್ಯಾಪಕರಾದರು. ರೋಗಿಯ ನಾಡಿ ಹಿಡಿಯಬೇಕಾದ ಕೈ ಹಾವಸೆಯನ್ನು ಹಿಡಿದದ್ದು ಹಲವರಿಗೆ ವಿಚಿತ್ರವಾಗಿ ಕಂಡಿದ್ದರೆ ಆಶ್ಚರ್ಯವಿಲ್ಲ. 1910ರಲ್ಲಿ ಕೇಂಬ್ರಿಜ್‌ಗೆ ತೆರಳಿ, 1912ರಲ್ಲಿ ಅಲ್ಲಿನ ಟ್ರೈಪಾಸ್ ಪದವಿ ಪಡೆದು, ಮತ್ತೆ ಲಾಹೋರಿಗೇ ಮರಳಿದರು.

ಅವರು ಕೆಲಸಕ್ಕೆ ತೊಡಗಿದಾಗ ಭಾರತದ ಲಿವರ್‌ವರ್ಟ್‌ಗಳ ವಿಷಯದಲ್ಲಿ ಜ್ಞಾನವೇ ಇರಲಿಲ್ಲವೆಂದಲ್ಲ. ವಿಲಿಯಂ ಮಿಟನ್ ಎಂಬ ಔಷಧ ವ್ಯಾಪಾರಿ 1861ರಷ್ಟು ಹಿಂದೆಯೇ ಇವುಗಳ ಪಟ್ಟಿಯನ್ನು ಪ್ರಕಟಿಸಿದ್ದನು. ಅನಂತರ ಜರ್ಮನಿಯ ಫ್ರಾಂಜ್ ಸ್ಟೆಫಾನಿಯೂ ಅನೇಕ ಜಾತಿಗಳಿಗೆ ಹೆಸರಿಟ್ಟನು. ಆದರೆ ಅವರ ಮುಂದಿದ್ದುದು ಯಾರೋ ಸಂಗ್ರಹಿಸಿ, ಒಣಗಿಸಿ, ಕಾಗದದಲ್ಲಿ ಮಡಿಸಿ ಕಳುಹಿಸಿದ ಚೂರುಗಳು. ಚಪ್ಪಟೆ ಲಿವರ್‌ವರ್ಟ್ ಒಣಗಿದೊಡನೆ ಮುದುಡುತ್ತದೆ, ಒಳಗಿನ ಗಾಳಿಗೂಡುಗಳು ಕುಸಿಯುತ್ತವೆ, ಬಣ್ಣ ಮಾಸುತ್ತದೆ. ಯಾವ ಋತುವಿನಲ್ಲಿ ಮೊಳೆಯಿತು, ಬೇಸಗೆಯನ್ನು ಹೇಗೆ ಕಳೆಯಿತು ಎಂಬುದನ್ನು ಆ ಚೂರು ಹೇಳಲಾರದು. ಅದನ್ನರಿಯಬೇಕಾದರೆ ಸಸ್ಯ ಬದುಕಿರುವಲ್ಲಿಗೇ, ಅದು ಬದುಕಿರುವ ಹೊತ್ತಿನಲ್ಲೇ ಹೋಗಬೇಕು.

ಕಶ್ಯಪರು ಹಾಗೆಯೇ ಹೋದರು. ಪಶ್ಚಿಮ ಹಿಮಾಲಯದ ಕಣಿವೆಗಳನ್ನು ಮತ್ತೆ ಮತ್ತೆ ಸುತ್ತಿದರು. ಕಣಿವೆಗಳನ್ನು ದಾಟಿ ಟಿಬೆಟ್ಟಿಗೆ ನಡೆದರು. ಯಾತ್ರಿಕರು ಪುಣ್ಯಕ್ಕಾಗಿ ಹೋಗುವ ಕೈಲಾಸ, ಮಾನಸಸರೋವರಗಳ ನಾಡಿನಲ್ಲಿ ಸಸ್ಯಗಳನ್ನು ಆಯ್ದರು. ಆ ಪ್ರದೇಶದ ಭೂಗೋಳವನ್ನು ಕುರಿತೂ ಬರೆದರು. ಬೆಟ್ಟದ ಲಿವರ್‌ವರ್ಟ್‌ಗಳನ್ನು ಕುರಿತ ಅವರ ಲೇಖನಗಳು 1914 ಮತ್ತು 1915ರಲ್ಲಿ ಇಂಗ್ಲೆಂಡಿನ ವಿದ್ವತ್‌ಪತ್ರಿಕೆಯಲ್ಲಿ ಬೆಳಕು ಕಂಡವು. ಐಚಿಸೋನಿಯೆಲ್ಲ, ಸ್ಟೀಫನ್‌ಸೋನಿಯೆಲ್ಲ, ಸ್ಯೂವರ್ಡಿಯೆಲ್ಲ ಮೊದಲಾದ ಹೊಸ ಕುಲಗಳು ಅವರಿಂದ ಲೋಕಕ್ಕೆ ತಿಳಿದವು. ಇವುಗಳಲ್ಲಿ ಸ್ಯೂವರ್ಡಿಯೆಲ್ಲಕ್ಕೆ ಕೇಂಬ್ರಿಜ್‌ನ ಪ್ರಾಧ್ಯಾಪಕ ಸ್ಯೂವರ್ಡರ ಹೆಸರು. ಮಳೆ ನಿಂತು ಮೈ ಒಣಗಿಹೋದರೂ ಅದು ಮಣ್ಣಿನೊಳಗೆ ಸಣ್ಣ ಗೆಡ್ಡೆಯಾಗಿ ಉಳಿದು ಮುಂದಿನ ಮಳೆಗೆ ಚಿಗುರುತ್ತದೆ. ಜೀವಂತ ಸಸ್ಯವನ್ನು ನೆಲದಲ್ಲೇ ಕಾದು ನೋಡಿದವರಿಗಷ್ಟೇ ಇಂಥ ಸಂಗತಿ ದಕ್ಕೀತು. ಹಾರ್ನ್‌ವರ್ಟ್‌ಗಳಲ್ಲಿಯೂ ಹಿಮಾಲಯದ ಹೆಸರನ್ನೇ ಹೊತ್ತ ಒಂದು ಜಾತಿಯನ್ನು ಅವರು ವರ್ಣಿಸಿದರು.

ಈ ಸಂಗ್ರಹದಿಂದ ಒಂದು ದೊಡ್ಡ ಪ್ರಶ್ನೆ ಎದ್ದಿತು. ಲಿವರ್‌ವರ್ಟ್‌ಗಳಲ್ಲಿ ರಿಕ್ಸಿಯ ಎಂಬುದು ಅತ್ಯಂತ ಸರಳ. ಅದರ ಬೀಜಕಕೋಶಕ್ಕೆ ಕಾಲಿಲ್ಲ, ತೊಟ್ಟಿಲ್ಲ. ತಾಯಿಯ ಮೈಯೊಳಗೇ ಹುದುಗಿರುತ್ತದೆ. ಮಾರ್ಕಾಂಶಿಯವಾದರೋ ಪುಟ್ಟ ಕೊಡೆಯಂಥ ಅಂಗವನ್ನು ಎತ್ತಿ ಹಿಡಿದು ಅದರಡಿಯಲ್ಲಿ ಬೀಜಕಕೋಶಗಳನ್ನು ತೂಗುಹಾಕುತ್ತದೆ. ಸರಳವಾದದ್ದೇ ಮೊದಲು ಹುಟ್ಟಿತು, ಅದರಿಂದ ಜಟಿಲವಾದದ್ದು ಮೇಲೇರಿತು ಎಂಬುದು ಆಗ ಹಲವರ ನಂಬಿಕೆ. ತಟ್ಟನೆ ಒಪ್ಪಬಹುದಾದ ಮಾತೇ ಅದು. ಕಶ್ಯಪರು ಒಪ್ಪಲಿಲ್ಲ. ತಾವು ಕಂಡ ಹಿಮಾಲಯದ ರೂಪಗಳನ್ನು ಸಾಲಾಗಿ ಇಟ್ಟು ನೋಡಿದಾಗ ಅವರಿಗೆ ಕಂಡದ್ದು ಏರಿಕೆಯಲ್ಲ, ಇಳಿಕೆ: ಕೊಡೆಯ ತೊಟ್ಟು ಗಿಡ್ಡವಾಗುತ್ತ ಬರುತ್ತದೆ, ತುದಿಯಲ್ಲಿದ್ದ ಕೊಡೆ ಬೆನ್ನಿನ ಮೇಲಕ್ಕೆ ಸರಿಯುತ್ತದೆ, ಕಡೆಗೆ ಎಲ್ಲವೂ ಮೈಯೊಳಗೆ ಅಡಗುತ್ತದೆ. ಗಿಡ್ಡ ತೊಟ್ಟಿನ ಸ್ಟೀಫನ್‌ಸೋನಿಯೆಲ್ಲವು ಈ ನಡುದಾರಿಯ ರೂಪಗಳಲ್ಲೊಂದು. ರಿಕ್ಸಿಯ ಮೂಲಪುರುಷನಲ್ಲ, ಒಂದೊಂದನ್ನೇ ಕಳೆದುಕೊಳ್ಳುತ್ತ ಸರಳವಾದ ವಂಶಜ ಎಂದು ಅವರು 1919ರಲ್ಲಿ ವಾದಿಸಿದರು. ಮ್ಯೂನಿಕ್‌ನ ಗೋಬೆಲ್‌ರೂ ಇಂಥದೇ ನಿಲುವಿನವರು. ದಶಕಗಳ ಕಾಲ ಇದು ಚರ್ಚೆಯ ವಿಷಯವಾಗಿಯೇ ಉಳಿಯಿತು. 2000ದ ಈಚೆಗೆ ಡಿ.ಎನ್.ಎ. ಹೋಲಿಕೆಯಿಂದ ರಚಿತವಾದ ವಂಶವೃಕ್ಷಗಳಲ್ಲಿ ರಿಕ್ಸಿಯ ತನ್ನ ಗುಂಪಿನ ಬುಡದಲ್ಲಿಲ್ಲ, ಮೇಲಿನ ಕೊಂಬೆಗಳಲ್ಲಿದೆ. ಅದರ ಸರಳತೆ ಅನಂತರ ಬಂದದ್ದು. ಕೈಮಸೂರವನ್ನೂ ಸೂಕ್ಷ್ಮದರ್ಶಕವನ್ನೂ ನಂಬಿ ಮಾಡಿದ ಊಹೆಗೆ ಇದು ಸಣ್ಣ ಗೌರವವೇನಲ್ಲ. ಆದರೆ ಈ ಸಸ್ಯವರ್ಗಗಳೆಲ್ಲವೂ ಜರಿಗಿಡಗಳಂಥ ಸಸ್ಯಗಳಿಂದಲೇ ಇಳಿದುಬಂದವು ಎಂದು ಅವರು ವಾದವನ್ನು ಇನ್ನೂ ಮುಂದಕ್ಕೊಯ್ದದ್ದು ನಿಲ್ಲಲಿಲ್ಲ ಎಂಬುದನ್ನೂ ಹೇಳಬೇಕು.

ಅವರ ಮುಖ್ಯ ಗ್ರಂಥ ಪಶ್ಚಿಮ ಹಿಮಾಲಯ ಹಾಗೂ ಪಂಜಾಬಿನ ಬಯಲಿನ ಲಿವರ್‌ವರ್ಟ್‌ಗಳನ್ನು ಕುರಿತದ್ದು. ಮೊದಲನೆಯ ಭಾಗ 1929ರಲ್ಲಿಯೂ, ಶಿಷ್ಯರಾದ ರಾಮಶರಣ ಛೋಪ್ರಾ ಅವರೊಡಗೂಡಿ ಬರೆದ ಎರಡನೆಯ ಭಾಗ 1932ರಲ್ಲಿಯೂ ಪಂಜಾಬ್ ವಿಶ್ವವಿದ್ಯಾಲಯದಿಂದ ಹೊರಬಂದವು. ಬೆಟ್ಟದ ತಂಪಿನೊಡನೆ ಬಯಲಿನ ಬಿಸಿಲನ್ನೂ ಸೇರಿಸಿದ್ದು ಗಮನಾರ್ಹ. ವರ್ಷದ ಬಹುಭಾಗ ಬೇಯುವ ನೆಲದಲ್ಲಿಯೂ ರಿಕ್ಸಿಯದಂಥವು ಬಾಳುತ್ತವೆ; ಪಠಾಣಕೋಟೆಯ ಹೆಸರಿನ ಒಂದು ರಿಕ್ಸಿಯ ಜಾತಿಯೇ ಅವರಿಂದ ನಾಮಕರಣಗೊಂಡಿತು.

ಶಿಷ್ಯಸಂಪತ್ತಿನಲ್ಲಿಯೂ ಅವರು ಭಾಗ್ಯವಂತರು. ಪಳೆಯುಳಿಕೆ ಸಸ್ಯಗಳ ಶಾಸ್ತ್ರದಲ್ಲಿ ಜಗತ್ಪ್ರಸಿದ್ಧರಾದ ಬೀರಬಲ ಸಾಹ್ನಿಯವರು ಲಾಹೋರಿನಲ್ಲಿ ಸಸ್ಯಶಾಸ್ತ್ರ ಕಲಿತದ್ದು ಇವರಲ್ಲಿಯೇ, ಬೆಟ್ಟಗಳನ್ನು ಅಲೆಯುವ ರುಚಿ ಹತ್ತಿಸಿಕೊಂಡದ್ದೂ ಇವರೊಡನೆಯೇ. 1920ರಲ್ಲಿ ಭಾರತೀಯ ಸಸ್ಯಶಾಸ್ತ್ರ ಸಂಘವನ್ನು ಕಟ್ಟಿದವರಲ್ಲಿ ಕಶ್ಯಪರೂ ಒಬ್ಬರು. ಕನ್ನಡನಾಡಿಗೂ ಅವರ ಪಾದಸ್ಪರ್ಶವಾಗಿದೆ. 1932ರ ಜನವರಿಯಲ್ಲಿ ಬೆಂಗಳೂರಿನಲ್ಲಿ ಸೇರಿದ ಭಾರತೀಯ ವಿಜ್ಞಾನ ಕಾಂಗ್ರೆಸ್ಸಿನ 19ನೆಯ ಅಧಿವೇಶನಕ್ಕೆ ಅವರೇ ಅಧ್ಯಕ್ಷರು. ಹಿಮಾಲಯ ಮತ್ತು ಟಿಬೆಟ್ಟಿನ ಎತ್ತರದ ನೆಲೆಗಳ ಸಸ್ಯರಾಶಿಯನ್ನು ಅವರು ಅಧ್ಯಕ್ಷಭಾಷಣಕ್ಕೆ ವಿಷಯವಾಗಿ ಆರಿಸಿಕೊಂಡಿದ್ದರು.

1934ರ ನವೆಂಬರ್ 26ರಂದು, 52ರ ವಯಸ್ಸಿನಲ್ಲೇ, ಕಶ್ಯಪರು ಕಾಲವಶರಾದರು. ಲಾಹೋರ್ ಜಿಲ್ಲೆಯ ಸಸ್ಯಗಳನ್ನು ಕುರಿತ ಅವರ ಗ್ರಂಥ 1936ರಲ್ಲಿ ಅಚ್ಚಾಯಿತು. 1947ರಲ್ಲಿ ಲಾಹೋರ್ ಗಡಿಯಾಚೆಯದಾಯಿತು. ಗುರುಗಳು ಲಿವರ್‌ವರ್ಟ್‌ಗಳಲ್ಲೇ ಆಯುಸ್ಸನ್ನು ಕಳೆದಿದ್ದರು; ನಿಜವಾದ ಹಾವಸೆಗಳ ಕೆಲಸ ಹಾಗೆಯೇ ಉಳಿದಿತ್ತು. ಭಾರತದ ಹಾವಸೆಗಳ ವರ್ಗೀಕರಣವನ್ನು ಕುರಿತ ಗ್ರಂಥವನ್ನು 1975ರಲ್ಲಿ ಹೊರತಂದವರು ಅದೇ ಶಿಷ್ಯ ರಾಮಶರಣ ಛೋಪ್ರಾ.