ಮುಮ್ಮಡಿ ಕೃಷ್ಣರಾಜ ಒಡೆಯರ್

ಮುಮ್ಮಡಿ ಕೃಷ್ಣರಾಜ ಒಡೆಯರ್ (14 ಜುಲೈ 1794 – 27 ಮಾರ್ಚ್ 1868) ಮೈಸೂರು ಸಂಸ್ಥಾನದ ಯದುವಂಶದ ಅರಸರು. 1799ರಲ್ಲಿ ಐದನೆಯ ವಯಸ್ಸಿನಲ್ಲಿ ಪಟ್ಟಕ್ಕೆ ಬಂದ ಇವರು ಸುಮಾರು 69 ವರ್ಷ ಅರಸರೆನಿಸಿಕೊಂಡಿದ್ದರೂ ಆಡಳಿತದ ಅಧಿಕಾರ ಇವರ ಕೈಯಲ್ಲಿದ್ದುದು 1811ರಿಂದ 1831ರವರೆಗಿನ ಸುಮಾರು 20 ವರ್ಷ ಮಾತ್ರ. ಸಾಹಿತ್ಯ, ಸಂಗೀತ ಮತ್ತು ಚಿತ್ರಕಲೆಗಳಿಗೆ ನೀಡಿದ ಆಶ್ರಯದಿಂದಾಗಿ ಇವರಿಗೆ ಅಭಿನವ ಭೋಜ ಎಂಬ ಹೆಸರು ಬಂದಿತು. ಹಾಸು ಆಟಗಳು, ಗಂಜೀಫಾ ಎಲೆಗಳು ಮತ್ತು ಚದುರಂಗದ ಕುದುರೆ ನಡೆಯ ಸಮಸ್ಯೆಗಳನ್ನು ರಚಿಸಿದವರಾಗಿಯೂ ಇವರು ಪ್ರಸಿದ್ಧರು. ಇವರ ಆಟಗಳ ಪ್ರತಿಕೃತಿಗಳು ಇಂದಿಗೂ ಕೈಕಸುಬಿನವರಿಂದ ತಯಾರಾಗಿ ಮಾರಾಟವಾಗುತ್ತಿವೆ.

ಜನನ ಮತ್ತು ಬಾಲ್ಯ

ಕೃಷ್ಣರಾಜ ಒಡೆಯರು ಶ್ರೀರಂಗಪಟ್ಟಣದಲ್ಲಿ ಖಾಸಾ ಚಾಮರಾಜ ಒಡೆಯರು ಮತ್ತು ಕೆಂಪನಂಜಮ್ಮಣ್ಣಿಯವರ ಮಗನಾಗಿ ಜನಿಸಿದರು. ಆಗ ರಾಜ್ಯದ ಅಧಿಕಾರ ಟಿಪ್ಪು ಸುಲ್ತಾನನ ಕೈಯಲ್ಲಿತ್ತು. 1796ರಲ್ಲಿ ತಂದೆ ತೀರಿಕೊಂಡಾಗ ಟಿಪ್ಪು ಹೊಸ ಅರಸರನ್ನು ಪಟ್ಟಕ್ಕೆ ಕೂರಿಸಲಿಲ್ಲ. ರಾಜಮನೆತನದವರು ಅರಮನೆಯನ್ನು ಬಿಟ್ಟು ಅದೇ ಊರಿನ ಸಾಧಾರಣ ಮನೆಯೊಂದರಲ್ಲಿ ವಾಸಿಸಬೇಕಾಯಿತು.

1799ರ ಮೇ 4ರಂದು ಶ್ರೀರಂಗಪಟ್ಟಣದ ಕೋಟೆ ಬಿದ್ದು ಟಿಪ್ಪು ಮಡಿದ ನಂತರ ಈಸ್ಟ್ ಇಂಡಿಯಾ ಕಂಪನಿಯು ಒಡೆಯರ ಮನೆತನವನ್ನು ಮತ್ತೆ ಪಟ್ಟಕ್ಕೆ ತಂದಿತು. ಮೈಸೂರಿನ ಹಳೆಯ ಅರಮನೆ ಆ ವೇಳೆಗೆ ನಾಶವಾಗಿದ್ದುದರಿಂದ ಜೂನ್ 30ರಂದು ಚಪ್ಪರದ ಕೆಳಗೆ ಪಟ್ಟಾಭಿಷೇಕ ನಡೆಯಿತು. ಶ್ರೀರಂಗಪಟ್ಟಣದ ದ್ವೀಪವನ್ನು ಕಂಪನಿ ತನ್ನಲ್ಲೇ ಉಳಿಸಿಕೊಂಡಿತು. ಅದು ಸಂಸ್ಥಾನಕ್ಕೆ ಮರಳಿದ್ದು 1881ರಲ್ಲಿ. ಹೀಗಾಗಿ ತಾವು ಹುಟ್ಟಿದ ಊರು ಕೃಷ್ಣರಾಜ ಒಡೆಯರ ಜೀವಿತಕಾಲದಲ್ಲಿ ಅವರ ಆಳ್ವಿಕೆಗೆ ಸೇರಲೇ ಇಲ್ಲ.

ಅರಸರ ಬಾಲ್ಯದಲ್ಲಿ ಮಹಾರಾಣಿ ಲಕ್ಷ್ಮಮ್ಮಣ್ಣಿಯವರು ಪಾಲಕರಾಗಿದ್ದರು. ದಿವಾನ್ ಪೂರ್ಣಯ್ಯನವರು ಆಡಳಿತವನ್ನು ನಡೆಸಿದರು. ಲಕ್ಷ್ಮಮ್ಮಣ್ಣಿಯವರು 1810ರಲ್ಲಿ ನಿಧನರಾದರು. 1811ರಲ್ಲಿ ಪೂರ್ಣಯ್ಯನವರು ಅಧಿಕಾರ ಬಿಟ್ಟುಕೊಟ್ಟಾಗ ಅರಸರಿಗೆ ಹದಿನಾರು ವರ್ಷ ಕಳೆದಿತ್ತು.

ಆಳ್ವಿಕೆ ಮತ್ತು ಅಧಿಕಾರ ನಷ್ಟ

1799ರ ಒಪ್ಪಂದದಂತೆ ಮೈಸೂರು ಸಂಸ್ಥಾನವು ಕಂಪನಿಗೆ ಪ್ರತಿವರ್ಷ 7 ಲಕ್ಷ ವರಹಗಳನ್ನು ಕೊಡಬೇಕಾಗಿತ್ತು. ಈ ಹೊರೆಯೊಂದಿಗೆ ಅರಮನೆಯ ಖರ್ಚು ಮತ್ತು ಸಾಲಗಳೂ ಬೆಳೆದವು. ಕಂದಾಯ ವಸೂಲಿಯ ಗುತ್ತಿಗೆ ಪದ್ಧತಿಯಿಂದ ರೈತರು ನೊಂದರು. 1830ರಲ್ಲಿ ನಗರ ಪ್ರಾಂತ್ಯದಲ್ಲಿ ಬಂಡಾಯ ಎದ್ದಿತು. ಇದನ್ನೇ ಕಾರಣವಾಗಿಸಿಕೊಂಡು ಗವರ್ನರ್ ಜನರಲ್ ವಿಲಿಯಂ ಬೆಂಟಿಂಕ್ 1831ರ ಅಕ್ಟೋಬರಿನಲ್ಲಿ ಆಡಳಿತವನ್ನು ಬ್ರಿಟಿಷ್ ಕಮಿಷನರುಗಳಿಗೆ ವಹಿಸಿದನು. ಅರಸರಿಗೆ ವರ್ಷಕ್ಕೆ ಒಂದು ಲಕ್ಷ ವರಹ ಮತ್ತು ನಿವ್ವಳ ಆದಾಯದ ಐದನೆಯ ಒಂದು ಭಾಗ ನಿಗದಿಯಾಯಿತು.

ಮುಂದೆ ನಡೆದ ವಿಚಾರಣೆಯಲ್ಲಿ ಅರಸರ ಮೇಲಿನ ಕೆಲವು ಆಪಾದನೆಗಳು ಉತ್ಪ್ರೇಕ್ಷಿತವೆಂದು ಕಂಡುಬಂದವು. ರಾಜ್ಯದ ಒಂದು ಭಾಗವನ್ನು ಹಿಂದಿರುಗಿಸುವ ಪ್ರಸ್ತಾಪವನ್ನು ಬೆಂಟಿಂಕನೇ ಮುಂದಿಟ್ಟರೂ ಕಂಪನಿಯ ನಿರ್ದೇಶಕರು ಒಪ್ಪಲಿಲ್ಲ. 1834ರಿಂದ 1861ರವರೆಗೆ ಮಾರ್ಕ್ ಕಬ್ಬನ್ ಕಮಿಷನರಾಗಿದ್ದರು. ಆಡಳಿತದ ಕೇಂದ್ರ ಬೆಂಗಳೂರಿಗೆ ಹೋಯಿತು. ಮೈಸೂರಿನ ಅರಮನೆಯಲ್ಲಿ ದರ್ಬಾರು, ಪೂಜೆ ಮತ್ತು ದಸರಾ ಮುಂದುವರಿದವು. ರಾಜ್ಯವನ್ನು ಮರಳಿ ಪಡೆಯಲು ಕೃಷ್ಣರಾಜ ಒಡೆಯರು ಮೂರು ದಶಕಗಳಿಗೂ ಹೆಚ್ಚು ಕಾಲ ಮನವಿಗಳನ್ನು ಸಲ್ಲಿಸುತ್ತಲೇ ಇದ್ದರು. ಅವರ ಗ್ರಂಥರಚನೆ, ಚಿತ್ರಕಲೆಯ ಪೋಷಣೆ ಮತ್ತು ಆಟಗಳ ರಚನೆಯ ಬಹುಭಾಗ ಈ 37 ವರ್ಷಗಳಿಗೆ ಸೇರಿದೆ.

ಆಟಗಳ ರಚನೆ

ಪಗಡೆ, ಚೌಕಾಬಾರ, ಹುಲಿ-ಕುರಿ ಆಟ, ಅಳಿಗುಳಿಮಣೆ, ಪರಮಪದ ಸೋಪಾನಪಟ ಮುಂತಾದ ಆಟಗಳು ಮೈಸೂರು ಸೀಮೆಯಲ್ಲಿ ಮನೆಮನೆಯಲ್ಲೂ ಬಳಕೆಯಲ್ಲಿದ್ದವು. ಹಳೆಯ ದೇವಾಲಯಗಳ ಜಗಲಿಗಳಲ್ಲಿ ಕಲ್ಲಿನ ಮೇಲೆ ಕೊರೆದ ಆಟದ ಮನೆಗಳನ್ನು ಈಗಲೂ ಕಾಣಬಹುದು. ನೆಲದ ಮೇಲೆ ಬಳಪದಿಂದ ಗೆರೆ ಎಳೆದು, ಹುಣಸೆ ಬೀಜ ಮತ್ತು ಕವಡೆಗಳನ್ನು ಇಟ್ಟುಕೊಂಡು ಆಡುತ್ತಿದ್ದ ಈ ಆಟಗಳನ್ನು ಕೃಷ್ಣರಾಜ ಒಡೆಯರು ಶಾಸ್ತ್ರದ ವಿಷಯವಾಗಿ ಪರಿಗಣಿಸಿದರು. ಇದ್ದ ಆಟಗಳನ್ನು ಸಂಗ್ರಹಿಸಿ ವಿಸ್ತರಿಸಿದ್ದಲ್ಲದೆ ಹೊಸ ಆಟಗಳನ್ನೂ ರೂಪಿಸಿದರು.

ಇವರ ಆಟಗಳಲ್ಲಿ ಹಾಸಿನ ಮೇಲ್ಮೈಗೆ ವಿಶೇಷ ಸ್ಥಾನವಿದೆ. ದೇವತೆಗಳು, ಗ್ರಹಗಳು, ನಕ್ಷತ್ರಗಳು, ಪ್ರಾಣಿಗಳು ಮತ್ತು ಅಂಕಿಗಳು ಮನೆಗಳಲ್ಲಿ ಕ್ರಮವಾಗಿ ಕೂರುತ್ತವೆ. ಕಾಯಿ ಯಾವ ಮನೆಗೆ ಬಂದಿದೆ ಎಂಬುದರ ಅರ್ಥವನ್ನು ಅಲ್ಲಿನ ಚಿತ್ರವೇ ತಿಳಿಸುತ್ತದೆ. ಚಿತ್ರವನ್ನು ತೆಗೆದರೆ ಉಳಿಯುವುದು ಬರಿಯ ಗೆರೆಗಳ ಜಾಲ. ದೇವೀಸಾಯುಜ್ಯ ಎಂಬ ಆಟ ಇದಕ್ಕೆ ಉತ್ತಮ ಉದಾಹರಣೆ. ಪರಮಪದ ಸೋಪಾನಪಟದಲ್ಲಿ ಆಟಗಾರ ವೈಕುಂಠವನ್ನು ಮುಟ್ಟಬೇಕಾದರೆ, ಇದರಲ್ಲಿ ಅರಸರ ಕುಲದೇವತೆಯಾದ ಚಾಮುಂಡೇಶ್ವರಿಯ ಸಾನ್ನಿಧ್ಯವನ್ನು ಸೇರುವುದೇ ಗುರಿಯಾಗಿದೆ.

ಅರಮನೆಯಲ್ಲಿ ಕಲ್ಲಚ್ಚಿನ ಮುದ್ರಣ ವ್ಯವಸ್ಥೆಯೂ ಇತ್ತು. ಹೀಗೆ ಒಂದು ರಚನೆಯ ಅನೇಕ ಪ್ರತಿಗಳನ್ನು ಮಾಡುವುದು ಸಾಧ್ಯವಾಯಿತು. ಅರಸರ ರಚನೆಗಳು ಬಟ್ಟೆಯ ಮೇಲೂ ಅಚ್ಚಾಗಿ ಅರಮನೆಯ ಹೊರಗೆ ಸಂಚರಿಸಿದವು.

ಕುದುರೆ ನಡೆ

ಚದುರಂಗದ ಕುದುರೆಯನ್ನು ಅದರ ನಿಯಮದಂತೆಯೇ ನಡೆಸಿ, ಹಾಸಿನ ಪ್ರತಿಯೊಂದು ಮನೆಯನ್ನೂ ಒಮ್ಮೆ ಮಾತ್ರ ಮುಟ್ಟಿಸುವುದು ಹಳೆಯ ಸಮಸ್ಯೆ. ಸಂಸ್ಕೃತದ ಚಿತ್ರಕಾವ್ಯದಲ್ಲಿ ಇದೇ ನಡೆಯನ್ನು ಅನುಸರಿಸಿ ಪದ್ಯದ ಅಕ್ಷರಗಳನ್ನು ಜೋಡಿಸುವ ಕ್ರಮಕ್ಕೆ ತುರಗಪದಬಂಧ ಎಂದು ಹೆಸರು. ಒಂಬತ್ತನೆಯ ಶತಮಾನದ ರುದ್ರಟನ ಕಾವ್ಯಾಲಂಕಾರದಲ್ಲಿ ಇದರ ನಿದರ್ಶನವಿದೆ.

ಕೃಷ್ಣರಾಜ ಒಡೆಯರು ಈ ಸಮಸ್ಯೆಗೆ ಮಾಯಾಚೌಕದ ನಿಬಂಧನೆಯನ್ನು ಸೇರಿಸಿದರು. ಕುದುರೆ ಮುಟ್ಟಿದ ಮನೆಗಳಿಗೆ 1, 2, 3 ಎಂದು ಅನುಕ್ರಮವಾಗಿ ಅಂಕಿ ಹಾಕುತ್ತಾ ಹೋದಾಗ ಅಡ್ಡಸಾಲುಗಳ ಮತ್ತು ಕಂಬಸಾಲುಗಳ ಮೊತ್ತ ಒಂದೇ ಆಗಬೇಕೆಂಬುದು ಈ ನಿಬಂಧನೆ. 12 ಅಡ್ಡಸಾಲು ಮತ್ತು 12 ಕಂಬಸಾಲುಗಳ ಹಾಸಿನಲ್ಲಿ ಇಂತಹ ನಡೆಯನ್ನು ರಚಿಸಿದ ಕೀರ್ತಿ ಇವರದು. ಅದರಲ್ಲಿ ಕುದುರೆ 144 ಮನೆಗಳನ್ನೂ ಮುಟ್ಟುತ್ತದೆ. ಪ್ರತಿ ಸಾಲಿನ ಮೊತ್ತ 870 ಆಗುತ್ತದೆ. ಒಂದು ಮನೆ ತಪ್ಪಿದರೂ ಇಡೀ ರಚನೆ ಕೆಡುತ್ತದೆ. ಚದುರಂಗದ ಇತಿಹಾಸಕಾರರು ಇವರನ್ನು ಮೈಸೂರಿನ ರಾಜಾ ಎಂಬ ಹೆಸರಿನಿಂದ ಉಲ್ಲೇಖಿಸಿದ್ದಾರೆ. ಕನ್ನಡದಲ್ಲಿ ಸಂಖ್ಯೆಗಳನ್ನು ಕುರಿತ ಸಂಖ್ಯಾರತ್ನಕೋಶ ಎಂಬ ಗ್ರಂಥವೂ ಇವರ ಹೆಸರಿನಲ್ಲಿದೆ.

ಛದ ಗಂಜೀಫಾ

ಗಂಜೀಫಾ ಕೈಯಿಂದ ಚಿತ್ರ ಬರೆದ, ಬಹುಮಟ್ಟಿಗೆ ದುಂಡಗಿನ ಆಟದ ಎಲೆಗಳ ಕಟ್ಟು. ಮೊಗಲರ ಗಂಜೀಫಾದಲ್ಲಿ 8 ಬಣ್ಣಗಳ 96 ಎಲೆಗಳಿದ್ದರೆ, ದಶಾವತಾರ ಗಂಜೀಫಾದಲ್ಲಿ 10 ಬಣ್ಣಗಳ 120 ಎಲೆಗಳಿವೆ. ಪ್ರತಿ ಬಣ್ಣದಲ್ಲಿ ಹತ್ತು ಅಂಕಿಯ ಎಲೆಗಳು, ಒಬ್ಬ ರಾಜ ಮತ್ತು ಒಬ್ಬ ಮಂತ್ರಿ ಇರುತ್ತಾರೆ.

ಕೃಷ್ಣರಾಜ ಒಡೆಯರು ಇದನ್ನು ವಿಸ್ತರಿಸಿ ರೂಪಿಸಿದ ಆಟಗಳಿಗೆ ಛದ ಎಂದು ಹೆಸರು. ಸಂಸ್ಕೃತದಲ್ಲಿ ಛದ ಎಂದರೆ ಎಲೆ. ಮೈಸೂರು ಗಂಜೀಫಾದ ಮೂಲ ಕ್ರಮದಲ್ಲಿ ಪ್ರತಿ ಬಣ್ಣಕ್ಕೆ 12 ಅಂಕಿಯ ಎಲೆಗಳು ಮತ್ತು 6 ಚಿತ್ರದ ಎಲೆಗಳಿವೆ. ಆಟಕ್ಕೆ ತಕ್ಕಂತೆ ಕಟ್ಟಿನ ಗಾತ್ರ 36 ಎಲೆಗಳಿಂದ 360 ಎಲೆಗಳವರೆಗೆ ಇದೆ. ಚಾಮುಂಡೇಶ್ವರೀ ಛದ, ನವಗ್ರಹ ಛದ, ಕೃಷ್ಣರಾಜ ಛದ ಮುಂತಾದವು ಇವುಗಳಲ್ಲಿ ಸೇರಿವೆ. ನಿಯಮಗಳು ಜಟಿಲವಾಗಿದ್ದುದರಿಂದ ಈ ಆಟಗಳು ಜನಸಾಮಾನ್ಯರಲ್ಲಿ ಹರಡಲಿಲ್ಲ.

ಶ್ರೀತತ್ತ್ವನಿಧಿ

ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಸಿದ್ಧವಾದ ಶ್ರೀತತ್ತ್ವನಿಧಿಯು ಒಂಬತ್ತು ನಿಧಿಗಳಾಗಿ ವಿಭಾಗಗೊಂಡ ಬೃಹತ್ ಸಚಿತ್ರ ಗ್ರಂಥ. ಶಕ್ತಿ, ವಿಷ್ಣು, ಶಿವ, ಬ್ರಹ್ಮ, ಗ್ರಹ, ವೈಷ್ಣವ, ಶೈವ, ಆಗಮ ಮತ್ತು ಕೌತುಕ ಎಂಬವು ಅದರ ನಿಧಿಗಳು. ದೇವತೆಗಳ ರೂಪ, ಬಣ್ಣ, ಆಯುಧ ಮತ್ತು ವಾಹನಗಳನ್ನು ಅದು ಧ್ಯಾನಶ್ಲೋಕ ಮತ್ತು ವರ್ಣಚಿತ್ರಗಳೊಂದಿಗೆ ವಿವರಿಸುತ್ತದೆ. ಕೊನೆಯದಾದ ಕೌತುಕನಿಧಿಯಲ್ಲಿ ಆಟಗಳ ವಿವರಣೆ ಮತ್ತು ಗಂಜೀಫಾ ಎಲೆಗಳ ವರ್ಣಚಿತ್ರಗಳಿವೆ. ಇದೇ ನಿಧಿಯಲ್ಲಿ 122 ಯೋಗಾಸನಗಳ ಚಿತ್ರಗಳೂ ಇವೆ. ಇವನ್ನು ಎನ್. ಇ. ಶೋಮನ್ 1996ರಲ್ಲಿ ಮೈಸೂರು ಅರಮನೆಯ ಯೋಗ ಪರಂಪರೆಯನ್ನು ಕುರಿತ ಗ್ರಂಥದಲ್ಲಿ ಪ್ರಕಟಿಸಿದರು.

ಜಗನ್ಮೋಹನ ಅರಮನೆಯ ಭಿತ್ತಿಚಿತ್ರಗಳು

1861ರಲ್ಲಿ ನಿರ್ಮಾಣವಾದ ಮೈಸೂರಿನ ಜಗನ್ಮೋಹನ ಅರಮನೆಯ ಮೇಲಂತಸ್ತಿನ ರಂಗಮಹಲಿನ ಗೋಡೆಗಳ ಮೇಲೆ ಅರಸರ ಆಟದ ಹಾಸುಗಳನ್ನು ಚಿತ್ರಿಸಲಾಗಿದೆ. ಒಡೆಯರ ವಂಶಾವಳಿಯನ್ನು ಕಮಲದ ದಳಗಳಲ್ಲಿ ತೋರಿಸುವ ಸಂತಾನಾಂಬುಜವೂ ಇದೇ ಅರಮನೆಯಲ್ಲಿದೆ. ನೆಲದ ಮೇಲೆ ಹಾಸಬೇಕಾದ ಪಟಗಳು ಗೋಡೆಗೆ ಏರಿದ್ದರಿಂದ ಮನೆಗಳ ಸಂಖ್ಯೆ, ಚಿತ್ರಗಳ ಕ್ರಮ ಮತ್ತು ಬಣ್ಣಗಳು ಒಟ್ಟಾಗಿ ಉಳಿದುಬಂದವು. ಮುಂದಿನ ಕಾಲದ ಸಂಶೋಧಕರಿಗೆ ಮತ್ತು ಪ್ರತಿಕೃತಿ ತಯಾರಕರಿಗೆ ಹಸ್ತಪ್ರತಿಗಳ ಜೊತೆಗೆ ಈ ಗೋಡೆಗಳೂ ಆಧಾರವಾಗಿವೆ.

ಇತರ ಕೊಡುಗೆಗಳು

ಶ್ರೀರಂಗಪಟ್ಟಣದ ಪತನದ ನಂತರ ಚದುರಿಹೋಗಿದ್ದ ಚಿತ್ರಗಾರರು ಮತ್ತು ವಿದ್ವಾಂಸರು ಮೈಸೂರಿನ ಆಸ್ಥಾನದಲ್ಲಿ ಮತ್ತೆ ಆಶ್ರಯ ಪಡೆದರು. ಇಂದು ಮೈಸೂರು ಶೈಲಿ ಎಂದು ಹೆಸರಾದ ಚಿತ್ರಕಲೆ ಈ ಕಾಲದಲ್ಲಿ ನೆಲೆಗೊಂಡಿತು. ಮುದ್ರಾಮಂಜೂಷದ ಕರ್ತೃ ಕೆಂಪುನಾರಾಯಣ ಮತ್ತು ಅಳಿಯ ಲಿಂಗರಾಜ ಇದೇ ಕಾಲದ ಕವಿಗಳು. ಮಹಾಭಾರತವನ್ನು ಕನ್ನಡ ಗದ್ಯಕ್ಕೆ ತರುವ ಕೃಷ್ಣರಾಜ ವಾಣೀವಿಲಾಸವೂ ಅರಸರ ಆಶ್ರಯದಲ್ಲಿ ಸಿದ್ಧವಾಯಿತು. 1833ರಲ್ಲಿ ಮೈಸೂರಿನಲ್ಲಿ ಅರಸರು ಆರಂಭಿಸಿದ ಉಚಿತ ಇಂಗ್ಲಿಷ್ ಶಾಲೆ ಮುಂದೆ ಮಹಾರಾಜಾ ಕಾಲೇಜಾಗಿ ಬೆಳೆಯಿತು. ಚಾಮುಂಡಿಬೆಟ್ಟದ ದೇವಾಲಯದ ಗೋಪುರ ಮತ್ತು ಮೈಸೂರು ಕೋಟೆಯೊಳಗಿನ ಪ್ರಸನ್ನಕೃಷ್ಣಸ್ವಾಮಿ ದೇವಾಲಯ ಇವರ ಕಾಲದವು. ಪಾಂಡವಪುರ ತಾಲ್ಲೂಕಿನ ಮೇಲುಕೋಟೆಯ ಚೆಲುವನಾರಾಯಣಸ್ವಾಮಿಗೆ ಇವರು ಅರ್ಪಿಸಿದ ಕಿರೀಟ ಕೃಷ್ಣರಾಜಮುಡಿ ಎಂದು ಪ್ರಸಿದ್ಧವಾಗಿದೆ.

ದತ್ತು ಸ್ವೀಕಾರ ಮತ್ತು ನಿಧನ

ಅರಸರಿಗೆ ಉತ್ತರಾಧಿಕಾರಿಯಾಗುವ ಮಗನಿರಲಿಲ್ಲ. ದತ್ತು ಮಾನ್ಯವಾಗದಿದ್ದರೆ ಸಂಸ್ಥಾನವೇ ಬ್ರಿಟಿಷರ ನೇರ ಆಡಳಿತಕ್ಕೆ ಸೇರಿಹೋಗುವ ಭಯವಿತ್ತು. 1865ರ ಜೂನ್ 18ರಂದು ಅವರು ಎರಡು ವರ್ಷದ ಚಾಮರಾಜೇಂದ್ರರನ್ನು ದತ್ತು ತೆಗೆದುಕೊಂಡರು. ಮೊದಲು ಒಪ್ಪದಿದ್ದ ಬ್ರಿಟಿಷ್ ಸರ್ಕಾರ 1867ರಲ್ಲಿ ಉತ್ತರಾಧಿಕಾರವನ್ನು ಮಾನ್ಯ ಮಾಡಿತು. ಮರುವರ್ಷ, 1868ರ ಮಾರ್ಚ್ 27ರಂದು, ಕೃಷ್ಣರಾಜ ಒಡೆಯರು ನಿಧನರಾದರು. 1881ರ ಮಾರ್ಚ್ 25ರಂದು ಆಡಳಿತ ಚಾಮರಾಜೇಂದ್ರ ಒಡೆಯರಿಗೆ ಮರಳಿತು. ಜೀವನದ ಸುಮಾರು ಅರ್ಧದಷ್ಟು ಕಾಲ ಅರಸರು ಕೇಳಿಕೊಂಡು ಬಂದ ಅಧಿಕಾರ ಅವರ ಮರಣಾನಂತರ ಮಗನಿಗೆ ದೊರೆಯಿತು.

ಆಟಗಳ ಪ್ರತಿಕೃತಿಗಳು

ಅಚ್ಚಿನ ಇಸ್ಪೀಟು ಎಲೆಗಳು ಅಗ್ಗವಾಗಿ ದೊರೆಯತೊಡಗಿದ ಮೇಲೆ ಗಂಜೀಫಾ ಬಳಕೆ ತಪ್ಪಿತು. ಹಾಸು ಆಟಗಳೂ ಮನೆಗಳಿಂದ ಕ್ರಮೇಣ ಮರೆಯಾದವು. ಇಪ್ಪತ್ತನೆಯ ಶತಮಾನದ ಕೊನೆಯ ದಶಕಗಳಿಂದ ಈ ಆಟಗಳ ಬಗ್ಗೆ ಮತ್ತೆ ಆಸಕ್ತಿ ಮೂಡಿದೆ. ಕಲಾವಿದ ಗಂಜೀಫಾ ರಘುಪತಿ ಭಟ್ಟರು ಶ್ರೀರಂಗಪಟ್ಟಣವನ್ನು ನೆಲೆಯಾಗಿಸಿಕೊಂಡು ಗಂಜೀಫಾ ಚಿತ್ರಕಲೆಗೆ ಹೊಸ ಜೀವ ಕೊಟ್ಟರು. ಮೈಸೂರಿನ ರಾಮ್‌ಸನ್ಸ್ ಕಲಾ ಪ್ರತಿಷ್ಠಾನವು ಕ್ರೀಡಾಕೌಶಲ್ಯ ಎಂಬ ಪ್ರದರ್ಶನಗಳ ಮೂಲಕ ಹಳೆಯ ಆಟಗಳ ಪ್ರತಿಕೃತಿಗಳನ್ನು ಕರಕುಶಲಿಗಳಿಂದ ಮಾಡಿಸಿ ಮಾರಾಟಕ್ಕೆ ತಂದಿದೆ. ಮರದ ಕೆತ್ತನೆ, ಅರಗಿನ ಬಣ್ಣದ ಕೆಲಸ ಮತ್ತು ಬಟ್ಟೆಯ ಮೇಲಿನ ಚಿತ್ರಕಲೆ ಬಲ್ಲವರಿಗೆ ಇದರಿಂದ ಕೆಲಸ ದೊರೆತಿದೆ. ಮೈಸೂರಿನ ಗಂಜೀಫಾ ಎಲೆಗಳಿಗೆ ಭೌಗೋಳಿಕ ಸೂಚಕದ ಮಾನ್ಯತೆಯೂ ಲಭಿಸಿದೆ.

ಗಂಜೀಫಾದ ಸಾಂಪ್ರದಾಯಿಕ ತಯಾರಿಕೆಯಲ್ಲಿ ಬಟ್ಟೆ ಅಥವಾ ಕಾಗದದ ಪದರಗಳನ್ನು ಅಂಟಿಸಿ, ಒಣಗಿಸಿ, ನಯವಾಗಿ ಉಜ್ಜಿದ ಬಳಿಕ ಕತ್ತರಿಸಿ ಚಿತ್ರ ಬರೆಯುತ್ತಾರೆ. ಕೊನೆಗೆ ಮೇಲ್ಮೈ ಉಳಿಯಲೆಂದು ಅರಗಿನ ಲೇಪನ ಕೊಡುತ್ತಾರೆ. ಹಿಂದೆ ದಂತ, ಆಮೆಚಿಪ್ಪು ಮುಂತಾದ ಬೆಲೆಬಾಳುವ ವಸ್ತುಗಳಲ್ಲಿ ಮಾಡಿದ ಎಲೆಗಳನ್ನು ದರ್ಬಾರ್ ಕಲಮ್ ಎಂದೂ, ಸಾಮಾನ್ಯರಿಗಾಗಿ ಮಾಡಿದವನ್ನು ಬಜಾರ್ ಕಲಮ್ ಎಂದೂ ಕರೆಯುತ್ತಿದ್ದರು. ಈಗಿನ ಪ್ರತಿಕೃತಿಗಳಲ್ಲೂ ಗೋಡೆಗೆ ತೂಗುಹಾಕುವ ಚಿತ್ರಗಳು ಮತ್ತು ಆಡಲೆಂದೇ ಮಾಡಿದ ಹಾಸುಗಳು ಎಂಬ ಎರಡು ಬಗೆಗಳಿವೆ. ಮೊದಲನೆಯದಕ್ಕೆ ಅಂದವಿದ್ದರೆ ಸಾಕು. ಎರಡನೆಯದರಲ್ಲಿ ಮನೆಗಳ ಸಂಖ್ಯೆ ಮತ್ತು ಚಿತ್ರಗಳ ಅನುಕ್ರಮ ಮೂಲದಂತೆಯೇ ಇರಬೇಕು. ಒಂದು ಮನೆ ಬಿಟ್ಟುಹೋದರೆ ಹಾಸು ನೋಡಲು ಚೆನ್ನಾಗಿದ್ದರೂ ಆಟ ಸಾಗುವುದಿಲ್ಲ.