ಹಾಫ್ಕಿನ್ ಮಹಾಶಯರ ಋಣ

ಮಹಾಮಾರಿಯ ಕಾಲದಲ್ಲಿ ಸರಕಾರವು ಪ್ರಜೆಯ ಮನೆಬಾಗಿಲಿಗೆ ಎರಡು ಬಗೆಯಿಂದ ಬರಬಲ್ಲದು. ದಂಡವನ್ನು ಹಿಡಿದು ಬರಬಹುದು. ಇಲ್ಲವೆ ಮದ್ದನ್ನು ಹಿಡಿದು ಬರಬಹುದು. ೧೮೯೬ನೆಯ ಇಸವಿಯಲ್ಲಿ ಮುಂಬಯಿಯನ್ನು ಹೊಕ್ಕ ಪ್ಲೇಗು ಬೆಳಗಾವಿ, ಧಾರವಾಡ, ವಿಜಾಪುರ ಜಿಲ್ಲೆಗಳಿಗೂ ಅವುಗಳ ನಡುವೆ ಹರಡಿದ್ದ ಸಂಸ್ಥಾನಗಳಿಗೂ ಇಳಿದು ಬಂದಾಗ ನಮ್ಮ ಹಿರಿಯರು ಈ ಎರಡನ್ನೂ ಕಂಡರು. ಆ ಕಾಲಕ್ಕೆ ಜಮಖಂಡಿಯಲ್ಲಿ ಪಟವರ್ಧನರ ಆಳಿಕೆ, ಮುಧೋಳದಲ್ಲಿ ಘೋರ್ಪಡೆಯವರ ಆಳಿಕೆ. ರಬಕವಿಯು ಸಾಂಗಲಿ ಸಂಸ್ಥಾನಕ್ಕೆ ಸೇರಿದ್ದು, ಬೀಳಗಿಯು ಇಂಗ್ಲಿಷರ ವಿಜಾಪುರ ಜಿಲ್ಲೆಗೆ ಸೇರಿದ್ದು. ಚಿಮ್ಮಡದಂತಹ ಊರಿನಿಂದ ಹೊರಟು ಈ ಸೀಮೆಯನ್ನು ಸುತ್ತಿ ಬರುವವನು ಮೂರು ನಾಲ್ಕು ಸರಕಾರಗಳ ಗಡಿಗಳನ್ನು ದಾಟಬೇಕಾಗುತ್ತಿತ್ತು. ಇಲಿಗೂ ಅದರ ಮೈಮೇಲಿನ ಚಿಗಟಕ್ಕೂ ಮಾತ್ರ ಈ ಗಡಿಗಳಾವುವೂ ತಿಳಿದಿರಲಿಲ್ಲ. ಇಲಿ ಸತ್ತು ಬಿದ್ದೊಡನೆ ಮನೆಗೆ ಬೀಗ ಹಾಕಿ ಹೊಲದಲ್ಲಿ ಗುಡಿಸಲು ಕಟ್ಟಿಕೊಳ್ಳುವುದೊಂದೇ ಜನರಿಗೆ ಗೊತ್ತಿದ್ದ ಉಪಾಯವಾಗಿತ್ತು. ಇದಲ್ಲದೆ ಇನ್ನೊಂದು ಉಪಾಯವುಂಟೆಂದು ಮೊದಲು ತೋರಿಸಿಕೊಟ್ಟವರು ವಾಲ್ದೆಮಾರ್ ಹಾಫ್ಕಿನ್ ಮಹಾಶಯರು. ಅವರು ನಮ್ಮ ದೇಶದವರಲ್ಲ. ಅಂದು ನಮ್ಮನ್ನಾಳುತ್ತಿದ್ದ ಜನಾಂಗದವರೂ ಅಲ್ಲ. ಆದರೂ ಅವರ ಋಣವು ಕನ್ನಡ ನಾಡಿನ ಮೇಲೆ ವಿಶೇಷವಾಗಿ ಉಳಿದಿದೆ.

ಹಾಫ್ಕಿನ್‌ರು ರಶಿಯಾ ಸಾಮ್ರಾಜ್ಯದ ಒಡೆಸ್ಸಾ ಪಟ್ಟಣದಲ್ಲಿ ೧೮೬೦ನೆಯ ಮಾರ್ಚ್ ೧೫ರಂದು ಯಹೂದಿ ಮನೆತನವೊಂದರಲ್ಲಿ ಹುಟ್ಟಿದರು. ಒಡೆಸ್ಸಾದ ವಿಶ್ವವಿದ್ಯಾಲಯದಲ್ಲಿ ಹೆಸರಾಂತ ವಿಜ್ಞಾನಿ ಮೆಚ್ನಿಕಾಫ್‌ರ ಶಿಷ್ಯರಾಗಿ ಪ್ರಾಣಿಶಾಸ್ತ್ರವನ್ನು ಕಲಿತರು. ಝಾರ್ ಚಕ್ರವರ್ತಿಯ ಆ ರಾಜ್ಯದಲ್ಲಿ ಯಹೂದಿಯಾಗಿ ಹುಟ್ಟುವುದೇ ಒಂದು ಅಪರಾಧದಂತಿತ್ತು. ಯಹೂದಿಗಳ ಕೇರಿಗಳ ಮೇಲೆ ಗುಂಪುಗಳು ದಾಳಿಯಿಟ್ಟಾಗ ತರುಣ ಹಾಫ್ಕಿನ್‌ರು ತಮ್ಮವರ ಸಂರಕ್ಷಣೆಗೆ ನಿಂತರು. ಪೋಲೀಸರ ಕೈಗೆ ಸಿಕ್ಕಿ ಸೆರೆಯನ್ನೂ ಕಂಡರು. ಮತವನ್ನು ಬದಲಿಸಿದರೆ ಪ್ರಾಧ್ಯಾಪಕ ಪದವಿಯ ಬಾಗಿಲು ತೆರೆಯುವಂತಿತ್ತು. ಅವರು ಅದಕ್ಕೆ ಒಪ್ಪಲಿಲ್ಲ. ಬಡತನವನ್ನು ಒಪ್ಪಿಕೊಂಡು ೧೮೮೮ರಲ್ಲಿ ಜನ್ಮಭೂಮಿಯನ್ನು ಬಿಟ್ಟು ಜಿನೀವಾಕ್ಕೂ, ಮರುವರ್ಷ ಪ್ಯಾರಿಸಿನ ಪಾಶ್ಚರ್ ಸಂಸ್ಥೆಗೂ ಹೋದರು. ಅಲ್ಲಿ ಮೊದಲು ದೊರೆತ ಕೆಲಸವು ಪುಸ್ತಕಭಂಡಾರದ ಸಹಾಯಕನದು. ಹಗಲು ಪುಸ್ತಕಗಳನ್ನು ಒಪ್ಪವಾಗಿಡುತ್ತ, ಉಳಿದ ಹೊತ್ತಿನಲ್ಲಿ ಪ್ರಯೋಗಶಾಲೆಯಲ್ಲಿ ದುಡಿಯುತ್ತ ಅವರು ಕಾಲರಾ ಬೇನೆಗೆ ಲಸಿಕೆಯೊಂದನ್ನು ಸಿದ್ಧಪಡಿಸಿದರು. ೧೮೯೨ನೆಯ ಜುಲೈ ೧೮ರಂದು ಅದನ್ನು ಮೊಟ್ಟಮೊದಲು ತಮ್ಮ ಮೈಗೇ ಚುಚ್ಚಿಕೊಂಡರು. ಪರರ ಮೇಲೆ ಪ್ರಯೋಗಿಸುವ ಮೊದಲು ತನ್ನ ಮೇಲೆ ಪ್ರಯೋಗಿಸಿಕೊಳ್ಳಬೇಕೆಂಬ ಈ ನಿಯಮವನ್ನು ಅವರು ಮುಂದೆಯೂ ಬಿಡಲಿಲ್ಲ.

ಹಿಂದೆ ಹಿಂದುಸ್ಥಾನದ ವೈಸರಾಯರಾಗಿದ್ದ ಲಾರ್ಡ್ ಡಫರಿನ್‌ರು ಆಗ ಪ್ಯಾರಿಸಿನಲ್ಲಿ ಇಂಗ್ಲಿಷರ ರಾಯಭಾರಿಯಾಗಿದ್ದರು. ಅವರ ಪ್ರೋತ್ಸಾಹದಿಂದ ಹಾಫ್ಕಿನ್‌ರು ೧೮೯೩ರಲ್ಲಿ ಕಲಕತ್ತೆಗೆ ಬಂದರು. ಬಂಗಾಲದ ಕೆರೆಗಳ ನೀರು ಕುಡಿದು ವರ್ಷ ವರ್ಷವೂ ಸಾವಿರಗಟ್ಟಲೆ ಜನರು ಕಾಲರಾಕ್ಕೆ ತುತ್ತಾಗುತ್ತಿದ್ದರು. ಆದರೆ ಪರದೇಶೀಯನೊಬ್ಬನು ಸೂಜಿ ಹಿಡಿದು ಬಂದರೆ ಕೈಯೊಡ್ಡುವವರಾರು? ಒಂದು ಕಡೆ ಜನರು ಕಲ್ಲು ಬೀರಿದರು. ಹಾಫ್ಕಿನ್‌ರು ಪೋಲೀಸರನ್ನು ಕರೆಯಿಸದೆ ಎಲ್ಲರ ಕಣ್ಣೆದುರಿನಲ್ಲಿಯೇ ಮತ್ತೊಮ್ಮೆ ಸೂಜಿಮದ್ದನ್ನು ಹಾಕಿಸಿಕೊಂಡರು. ಚೌಧುರಿ, ಘೋಷ, ಚಟರ್ಜಿ, ದತ್ತ ಎಂಬ ಬಂಗಾಲಿ ವೈದ್ಯರು ಅವರೊಡನೆ ಕೇರಿ ಕೇರಿ ತಿರುಗಿದರು. ಜನರಿಗೆ ಅವರ ಭಾಷೆಯಲ್ಲಿ ಅವರವರೇ ತಿಳಿಸಿ ಹೇಳಿದಾಗ ಕಲ್ಲು ಹಿಡಿದ ಕೈಗಳೇ ಮದ್ದಿಗೆ ಚಾಚಿದವು. ಮೊದಲಿನ ವರ್ಷದಲ್ಲಿಯೇ ಇಪ್ಪತ್ತು ಸಾವಿರಕ್ಕೂ ಮಿಕ್ಕಿದ ಜನರು ತಾವಾಗಿಯೇ ಬಂದು ಲಸಿಕೆಯನ್ನು ಪಡೆದರು.

ಅಷ್ಟರಲ್ಲಿ ಮುಂಬಯಿಯಲ್ಲಿ ಪ್ಲೇಗು ಕಾಣಿಸಿಕೊಂಡಿತು. ಸರಕಾರವು ಅಲ್ಲಿಯವರೆಗೆ ಪ್ರಜೆಯ ಆರೋಗ್ಯಕ್ಕೆ ಮಾಡಿದ್ದ ವೆಚ್ಚವು ಅಲ್ಪ. ಭಯವು ಮಾತ್ರ ಈಗ ವಿಪರೀತವಾಯಿತು. ೧೮೯೭ನೆಯ ಫೆಬ್ರುವರಿ ೪ರಂದು ಸಾಂಕ್ರಾಮಿಕ ರೋಗಗಳ ಕಾಯದೆಯು ಜಾರಿಗೆ ಬಂದಿತು. ಕಾಯದೆಯು ಕೆಲವೇ ಸಾಲುಗಳದು. ಆದರೆ ಅದರ ತೋಳು ಉದ್ದವಾದದ್ದು. ಪ್ರಯಾಣಿಕರನ್ನು ತಡೆಯುವುದು, ಶಂಕೆ ಬಂದವರನ್ನು ಪ್ರತ್ಯೇಕಿಸಿಡುವುದು, ಆಜ್ಞೆ ಮೀರಿದವರನ್ನು ಶಿಕ್ಷಿಸುವುದು ಎಲ್ಲವೂ ಅದರಲ್ಲಿ ಅಡಗಿದ್ದವು. ಸದ್ಬುದ್ಧಿಯಿಂದ ಕಾರ್ಯ ಮಾಡಿದ ಅಧಿಕಾರಿಯ ಮೇಲೆ ಯಾರೂ ದಾವೆ ಹೂಡಬಾರದೆಂಬ ರಕ್ಷಣೆಯೂ ಅದರಲ್ಲಿತ್ತು. ಈ ರಕ್ಷಣೆಯ ಮಾತನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದೆ ಅದು ಬೇಕಾಗುತ್ತದೆ. ಪುಣೆಯಲ್ಲಿ ರ‍್ಯಾಂಡ್ ಎಂಬ ಅಧಿಕಾರಿಯ ಕೈಕೆಳಗೆ ಗೋರಾ ಸಿಪಾಯಿಗಳು ಮನೆಗಳನ್ನು ನುಗ್ಗಿದರು. ದೇವರ ಕೋಣೆ, ಅಡಿಗೆಮನೆ, ಹೆಂಗಸರ ಬಿಡಾರ ಯಾವುದೂ ಉಳಿಯಲಿಲ್ಲ. ಜನರು ರೋಗಕ್ಕಿಂತ ರೋಗ ಹುಡುಕುವವರಿಗೆ ಹೆಚ್ಚು ಅಂಜಿದರು. ಬೇನೆ ಬಿದ್ದವರನ್ನು ಅಟ್ಟದಲ್ಲಿ ಅಡಗಿಸಿದರು. ೧೮೯೭ನೆಯ ಜೂನ್ ೨೨ರ ರಾತ್ರಿ ಚಾಪೇಕರ ಬಂಧುಗಳು ರ‍್ಯಾಂಡರ ಮೇಲೆ ಗುಂಡು ಹಾರಿಸಿದುದು, ಅದೇ ವರ್ಷ ಲೋಕಮಾನ್ಯ ಟಿಳಕರಿಗೆ ರಾಜದ್ರೋಹದ ಆರೋಪದ ಮೇಲೆ ೧೮ ತಿಂಗಳ ಶಿಕ್ಷೆಯಾದುದು ಎಲ್ಲರೂ ಬಲ್ಲ ಸಂಗತಿ. ದಂಡವನ್ನು ಹಿಡಿದ ಆರೋಗ್ಯನೀತಿಯ ಫಲವಿದು.

ಅದೇ ತಿಂಗಳುಗಳಲ್ಲಿ ಮುಂಬಯಿಯ ಗ್ರ್ಯಾಂಟ್ ವೈದ್ಯಕೀಯ ಕಾಲೇಜಿನ ಒಂದು ಕಿರುಕೋಣೆಯಲ್ಲಿ ಹಾಫ್ಕಿನ್‌ರು ಕೆಲಸ ಮಾಡುತ್ತಿದ್ದರು. ಅವರಿಗಿದ್ದ ಸಿಬ್ಬಂದಿಯನ್ನು ಬೆರಳಿನಲ್ಲಿ ಎಣಿಸಬಹುದಾಗಿತ್ತು. ಪ್ಲೇಗಿನ ಜಂತುಗಳನ್ನು ಅವರು ಸೀಸೆಗಳಲ್ಲಿ ಮಾಂಸದ ಸಾರಿನಲ್ಲಿ ಬೆಳೆಸಿದರು. ಸಾರಿನ ಮೇಲೆ ತುಪ್ಪದ ಹನಿಗಳನ್ನು ತೇಲಿಬಿಟ್ಟರೆ ಜಂತುಗಳು ಅದರ ಕೆಳಗೆ ಜೋತು ಬಿದ್ದು ಹುಲುಸಾಗಿ ಬೆಳೆಯುವುದೆಂಬುದನ್ನು ಕಂಡುಕೊಂಡರು. ಬಳಿಕ ಕಾವು ಕೊಟ್ಟು ಜಂತುಗಳನ್ನು ಕೊಂದು, ಆ ದ್ರವವನ್ನೇ ಲಸಿಕೆಯನ್ನಾಗಿ ಮಾಡಿದರು. ಸಾರಿಗೆ ದನದ ಅಥವಾ ಹಂದಿಯ ಮಾಂಸವನ್ನು ಬಳಸದೆ ಆಡಿನ ಮಾಂಸವನ್ನು ಬಳಸಿದುದರಲ್ಲಿ ಹಿಂದೂ ಮುಸಲ್ಮಾನರಿಬ್ಬರ ಮನಸ್ಸನ್ನೂ ಅವರು ಅರಿತಿದ್ದರೆಂಬುದು ಕಾಣುತ್ತದೆ. ೧೮೯೭ನೆಯ ಜನವರಿ ೧೦ರಂದು ಎಂದಿನಂತೆ ಮೊದಲ ಸೂಜಿಯು ಅವರ ಮೈಗೇ ಇಳಿಯಿತು. ಅದೇ ತಿಂಗಳ ಕೊನೆಗೆ ಭಾಯಖಳಾ ಜೇಲಿನಲ್ಲಿ ಪ್ಲೇಗು ತಲೆಯೆತ್ತಿದಾಗ ಸುಮಾರು ನೂರೈವತ್ತು ಕೈದಿಗಳು ಸ್ವಸಂತೋಷದಿಂದ ಮುಂದೆ ಬಂದರು. ಲಸಿಕೆ ಹಾಕಿಸಿಕೊಳ್ಳದವರಲ್ಲಿ ೧೨ ಜನರಿಗೆ ಬೇನೆ ಬಂದು ೬ ಜನರು ಸತ್ತರು. ಹಾಕಿಸಿಕೊಂಡವರಲ್ಲಿ ಇಬ್ಬರಿಗೆ ಮಾತ್ರ ಬೇನೆ ಬಂದು ಇಬ್ಬರೂ ಉಳಿದರು. ಮುಂದಿನ ವರ್ಷ ಬಡೋದೆ ಸಂಸ್ಥಾನದ ಉಂಢೇರಾ ಗ್ರಾಮದಲ್ಲಿಯೂ ಇದೇ ಬಗೆಯ ಫಲ ಕಂಡುಬಂದಿತು. ಆಗಾ ಖಾನರು ತಮ್ಮ ಅನುಯಾಯಿಗಳ ಮುಂದೆ ತಾವೇ ಸೂಜಿ ಹಾಕಿಸಿಕೊಂಡು ಮೇಲ್ಪಂಕ್ತಿ ಹಾಕಿಕೊಟ್ಟರು. ಪ್ರಯೋಗಶಾಲೆಗೆ ತಮ್ಮ ಬಂಗಲೆಯನ್ನೂ ಬಿಟ್ಟುಕೊಟ್ಟರು. ೧೮೯೯ನೆಯ ಆಗಸ್ಟಿನಲ್ಲಿ ಅದು ಪರಳದ ಹಳೆಯ ಗವರ್ನರ ಬಂಗಲೆಯಲ್ಲಿ ನೆಲೆನಿಂತಿತು.

ಇನ್ನು ನಮ್ಮ ಹುಬ್ಬಳ್ಳಿಯ ಕಥೆ. ೧೮೯೮ರಲ್ಲಿ ಹುಬ್ಬಳ್ಳಿಯು ಸುಮಾರು ಐವತ್ತು ಸಾವಿರ ಜನರ ವ್ಯಾಪಾರದ ಊರು; ದಕ್ಷಿಣ ಮರಾಠಾ ರೈಲ್ವೆಯ ಕಾರಖಾನೆಯ ಸ್ಥಾನ; ಹತ್ತಿಯ ಪೇಟೆ. ಅಲ್ಲಿ ಪ್ಲೇಗು ಬಲವಾದಾಗ ಮಳೆಗಾಲ ಬಂದಿತ್ತು. ಹೊಲದ ಗುಡಿಸಲಿನಲ್ಲಿ ಮಳೆಗೆ ನೆನೆಯುವುದೂ ಊರೊಳಗೆ ಪ್ಲೇಗಿಗೆ ಸಿಕ್ಕುವುದೂ ಬಡವನಿಗೆ ಒಂದೇ. ಅಂಥ ಹೊತ್ತಿನಲ್ಲಿ ಲ್ಯೂಮನ್ ಎಂಬ ವೈದ್ಯಾಧಿಕಾರಿಗಳ ಮೇಲ್ವಿಚಾರಣೆಯಲ್ಲಿ ಹಾಫ್ಕಿನ್‌ರ ಲಸಿಕೆಯನ್ನು ಊರಿಗೆ ಊರೇ ಪಡೆಯಿತು. ಮೇ ತಿಂಗಳಿಂದ ಸಪ್ಟಂಬರದ ಕೊನೆಯೊಳಗೆ ಸುಮಾರು ೩೮ ಸಾವಿರ ಜನರು ಸೂಜಿ ಹಾಕಿಸಿಕೊಂಡರು. ಅವರಲ್ಲಿ ಬಹುಮಂದಿ ಎರಡನೆಯ ಬಾರಿಯೂ ಹಾಕಿಸಿಕೊಂಡರು. ಆ ಕಾಲದಲ್ಲಿ ಇಷ್ಟು ದೊಡ್ಡ ಪಟ್ಟಣವೊಂದು ಹೆಚ್ಚುಕಡಿಮೆ ಇಡಿಯಾಗಿ ಹೀಗೆ ಲಸಿಕೆಗೆ ಒಡಂಬಟ್ಟ ಉದಾಹರಣೆಯು ಅಪೂರ್ವವಾದದ್ದು. ಧಾರವಾಡ ಜಿಲ್ಲೆಯ ಈ ಕಾರ್ಯದಲ್ಲಿ ಆಲಿಸ್ ಕಾರ್ಥಾರ್ನ್ ಎಂಬ ಮಹಿಳಾ ವೈದ್ಯರೂ ದುಡಿದರು. ಹೆಂಗಸರ ಬಳಿಗೆ ಹೆಂಗಸೇ ಹೋದುದರ ಬೆಲೆಯನ್ನು ಪುಣೆಯ ಸಿಪಾಯಿಗಳ ಕಥೆ ಕೇಳಿದವರಿಗೆ ಬಿಡಿಸಿ ಹೇಳಬೇಕಾದುದಿಲ್ಲ.

ಹುಬ್ಬಳ್ಳಿಯ ಜನರು ಪುಣೆಯ ಜನರಿಗಿಂತ ಹೆಚ್ಚು ಧೈರ್ಯವಂತರೆಂದಲ್ಲ. ಅವರಿಗೆ ಮದ್ದು ಧರ್ಮಾರ್ಥವಾಗಿ ದೊರೆಯಿತು. ಸೂಜಿ ಹಾಕಿಸಿಕೊಂಡವನಿಗೆ ಚೀಟಿ ದೊರೆತು, ಪ್ರತ್ಯೇಕವಾಸ ಮೊದಲಾದ ನಿರ್ಬಂಧಗಳಿಂದ ವಿನಾಯಿತಿಯೂ ದೊರೆಯಿತು. ಹಾಕಿಸಿಕೊಂಡ ನೆರೆಯವನು ಉಳಿದುದನ್ನೂ ಹಾಕಿಸಿಕೊಳ್ಳದವನು ಹೋದುದನ್ನೂ ಅವರು ಓಣಿಯಲ್ಲಿಯೇ ಕಂಡರು. ಲಸಿಕೆಯು ಸಂಪೂರ್ಣ ಕವಚವಾಗಿರಲಿಲ್ಲವೆಂಬುದು ನಿಜ. ಒಂದೆರಡು ದಿನ ಜ್ವರ ಬರುತ್ತಿತ್ತು; ತೋಳು ಬಾಯುತ್ತಿತ್ತು; ದಿನಗೂಲಿಯವನಿಗೆ ಆ ಎರಡು ದಿನಗಳ ಕೂಲಿ ತಪ್ಪುವುದೇ ಒಂದು ಸಂಕಟ. ಆದರೆ ತನ್ನ ಹಿತಕ್ಕಾಗಿ ಕೇಳುತ್ತಿದ್ದಾರೆಂಬ ನಂಬಿಕೆ ಹುಟ್ಟಿದ ಮೇಲೆ ಈ ನಷ್ಟವನ್ನು ಜನರು ಸಹಿಸಿದರು. ನಂಬಿಕೆಯಿಲ್ಲದೆಡೆಯಲ್ಲಿ ಸೈನ್ಯವೂ ಸೋತಿತು. ನಂಬಿಕೆಯಿದ್ದೆಡೆಯಲ್ಲಿ ಒಂದು ಸೂಜಿಯು ಗೆದ್ದಿತು.

ಇಂಥ ನಂಬಿಕೆಯನ್ನು ಗಳಿಸಿಕೊಟ್ಟ ಮನುಷ್ಯನಿಗೆ ಸರಕಾರವು ಕೊಟ್ಟ ಪ್ರತಿಫಲವು ವಿಚಿತ್ರವಾದದ್ದು. ೧೮೯೭ರಲ್ಲಿ ಅವರಿಗೆ ಸಿ.ಐ.ಇ. ಪದವಿಯನ್ನಿತ್ತ ಕೈಯೇ ಐದು ವರ್ಷಗಳ ತರುವಾಯ ಅವರನ್ನು ಕೆಳಗೆ ತಳ್ಳಿತು. ೧೯೦೨ರಲ್ಲಿ ಪಂಜಾಬ ಸರಕಾರವು ಲಕ್ಷಗಟ್ಟಲೆ ಜನರಿಗೆ ಲಸಿಕೆ ಹಾಕಿಸಲು ಹೊರಟಿತು. ಅಕ್ಟೋಬರ ೩೦ರಂದು ಮುಲ್ಕೋವಾಲ ಗ್ರಾಮದಲ್ಲಿ ೧೦೭ ಜನರಿಗೆ ಸೂಜಿ ಹಾಕಲಾಯಿತು. ಅವರಲ್ಲಿ ಒಂದೇ ಸೀಸೆಯಿಂದ ಮದ್ದನ್ನು ಪಡೆದ ೧೯ ಜನರು ಧನುರ್ವಾತಕ್ಕೆ ಸಿಕ್ಕಿ ಕೆಲವೇ ದಿನಗಳಲ್ಲಿ ಮೃತಪಟ್ಟರು. ಇತರ ಸೀಸೆಗಳಿಂದ ಪಡೆದವರಿಗೆ ಏನೂ ಆಗಲಿಲ್ಲ. ಹತ್ತೊಂಬತ್ತು ಬಡ ಕುಟುಂಬಗಳ ಈ ದುಃಖವು ಸಣ್ಣದಲ್ಲ. ಕಾರಣವನ್ನು ಹುಡುಕುವುದು ಸರಕಾರದ ಕರ್ತವ್ಯವೇ ಆಗಿತ್ತು. ಬೇಡಿಕೆ ಹೆಚ್ಚಿದಂತೆ ಹಾಫ್ಕಿನ್‌ರು ಲಸಿಕೆಯನ್ನು ತಯಾರಿಸುವ ಕ್ರಮದಲ್ಲಿ ಕಾರ್ಬಾಲಿಕ್ ಆಮ್ಲವನ್ನು ಬಿಟ್ಟಿದ್ದರು. ವಿಚಾರಣಾ ಮಂಡಳಿಯು ಇದನ್ನೇ ಹಿಡಿದು, ಸೀಸೆಯು ತೆರೆಯುವ ಮೊದಲೇ ಕೆಟ್ಟಿತ್ತೆಂದೂ ತಪ್ಪು ಪ್ರಯೋಗಶಾಲೆಯದೆಂದೂ ನಿರ್ಣಯಿಸಿತು. ಆದರೆ ಅದೇ ಸೀಸೆಯನ್ನು ತೆರೆಯುವಾಗ ಸಹಾಯಕನ ಕೈಯಿಂದ ಚಿಮುಟವು ನೆಲಕ್ಕೆ ಬಿದ್ದಿತ್ತು. ಮುಚ್ಚಿದ ಸೀಸೆಯಲ್ಲಿ ಧನುರ್ವಾತದ ಜಂತುಗಳು ವಾರಗಟ್ಟಲೆ ಬೆಳೆದಿದ್ದರೆ ತೆರೆದೊಡನೆ ದುರ್ಗಂಧವು ಹೊಮ್ಮಬೇಕಾಗಿತ್ತು, ಅಂಥದು ಕಂಡುಬಂದಿರಲಿಲ್ಲ. ಈ ಸಾಕ್ಷ್ಯಕ್ಕೆ ತಕ್ಕ ಬೆಲೆ ದೊರೆಯಲಿಲ್ಲ. ಹಾಫ್ಕಿನ್‌ರು ಕೆಲಸದಿಂದ ಅಮಾನತುಗೊಂಡು ೧೯೦೪ರಲ್ಲಿ ಹಿಂದುಸ್ಥಾನವನ್ನು ಬಿಟ್ಟರು.

ಹಿಂದೆ ನೆನಪಿನಲ್ಲಿಡಲು ಹೇಳಿದ ಮಾತು ಈಗ ಬೇಕಾಗಿದೆ. ಮನೆ ನುಗ್ಗಿದವನಿಗೆ, ಸಾಮಾನು ಸುಟ್ಟವನಿಗೆ ಸದ್ಬುದ್ಧಿಯ ಕವಚವನ್ನು ಕಾಯದೆಯೇ ತೊಡಿಸಿತ್ತು. ತನ್ನ ಮೈಮೇಲೆ ಮೊದಲು ಪ್ರಯೋಗಿಸಿಕೊಂಡು ಪ್ರಜೆಯನ್ನು ಉಳಿಸಿದವನಿಗೆ ಮಾತ್ರ ಆ ಕವಚವು ದೊರೆಯಲಿಲ್ಲ. ಅವನ ಹುಟ್ಟಿನ ಕಾರಣದಿಂದಲೇ ಹೀಗಾಯಿತೆಂದು ಅಂದಿಗೂ ಅನೇಕರು ಭಾವಿಸಿದರು. ಇಂಗ್ಲಿಷ್ ವೈದ್ಯಾಧಿಕಾರಿಗಳ ಪಂಕ್ತಿಯಲ್ಲಿ ಅವರು ವೈದ್ಯಪದವಿಯಿಲ್ಲದ ಹೊರಗಿನವರಾಗಿಯೇ ಇದ್ದರು. ಹಾಗಿದ್ದರೂ ಮಲೇರಿಯಾದ ಮರ್ಮವನ್ನು ಕಂಡುಹಿಡಿದ ರೊನಾಲ್ಡ್ ರಾಸ್‌ರೇ ಅವರ ಪಕ್ಷವನ್ನು ಹಿಡಿದರು. ೧೯೦೭ನೆಯ ಜುಲೈಯಲ್ಲಿ ರಾಸ್‌ರೂ ಇತರ ವಿಜ್ಞಾನಿಗಳೂ ಲಂಡನ್ನಿನ ಟೈಮ್ಸ್ ಪತ್ರಿಕೆಯಲ್ಲಿ ಬಹಿರಂಗವಾಗಿ ವಾದಿಸಿದರು. ಆ ವರ್ಷವೇ ಸರಕಾರವು ಅವರನ್ನು ದೋಷಮುಕ್ತರೆಂದು ಒಪ್ಪಿತು. ಅವರು ಮತ್ತೆ ಕಲಕತ್ತೆಗೆ ಬಂದರು. ಆದರೆ ತಾವೇ ಕಟ್ಟಿದ ಪರಳದ ಪ್ರಯೋಗಶಾಲೆಯು ಅವರಿಗೆ ಮರಳಲಿಲ್ಲ. ಹಿಂದಿನ ಅಧಿಕಾರವೂ ಮರಳಲಿಲ್ಲ. ಮೊದಲನೆಯ ಮಹಾಯುದ್ಧವು ಆರಂಭವಾದ ದಿನಗಳಲ್ಲಿ ಸದ್ದಿಲ್ಲದೆ ನಿವೃತ್ತರಾಗಿ ಯುರೋಪಕ್ಕೆ ಹೋದರು. ೧೯೨೫ರಲ್ಲಿ ಮುಂಬಯಿಯ ಆ ಸಂಸ್ಥೆಗೆ ಹಾಫ್ಕಿನ್ ಸಂಸ್ಥೆಯೆಂಬ ಹೆಸರನ್ನಿಡಲಾಯಿತು. ಅವಿವಾಹಿತರಾಗಿಯೇ ಉಳಿದ ಅವರು ತಮ್ಮ ಉಳಿತಾಯವನ್ನು ಪೂರ್ವ ಯುರೋಪಿನ ಯಹೂದಿ ವಿದ್ಯಾಶಾಲೆಗಳಿಗೆ ಬಿಟ್ಟು, ೧೯೩೦ನೆಯ ಅಕ್ಟೋಬರ ೨೬ರಂದು ಸ್ವಿಟ್ಜರ್ಲೆಂಡಿನ ಲೋಸಾನ್ ಪಟ್ಟಣದಲ್ಲಿ ತೀರಿಕೊಂಡರು.

ಈ ಜೀವನಕಥೆಯು ಬರಿಯ ಹಳೆಯ ಸಂಗತಿಯಲ್ಲ. ೨೦೨೦ನೆಯ ಮಾರ್ಚ್ ೧೦ರಂದು ಕಲಬುರಗಿಯಲ್ಲಿ ಕೋವಿಡ್ ಬೇನೆಯಿಂದ ದೇಶದ ಮೊದಲನೆಯ ಮರಣವಾದಾಗ ನಮ್ಮ ಸ್ವತಂತ್ರ ಸರಕಾರಗಳು ಕೈಗೆತ್ತಿಕೊಂಡುದು ೧೮೯೭ರ ಅದೇ ಕಾಯದೆಯನ್ನು. ಆದರೆ ಕಾಯದೆಯೊಂದನ್ನೇ ಹಿಡಿದು ಅವು ನಿಲ್ಲಲಿಲ್ಲವೆಂಬುದನ್ನು ನ್ಯಾಯವಾಗಿ ಹೇಳಬೇಕು. ಅದೇ ಏಪ್ರಿಲಿನಲ್ಲಿ ಆ ಕಾಯದೆಗೆ ತಿದ್ದುಪಡಿ ತಂದು ವೈದ್ಯರಿಗೂ ದಾದಿಯರಿಗೂ ರಕ್ಷಣೆಯನ್ನು ಕೊಡಲಾಯಿತು. ಕರ್ನಾಟಕದಲ್ಲಿ ಖಾಸಗಿ ಆಸ್ಪತ್ರೆಗಳ ಹಾಸಿಗೆಗಳಲ್ಲಿ ಅರ್ಧವನ್ನು ಸರಕಾರವು ಕಳುಹಿಸಿದ ರೋಗಿಗಳಿಗೆ ಮೀಸಲಿಟ್ಟು, ಅವರ ವೆಚ್ಚವನ್ನು ಆಯುಷ್ಮಾನ್ ಭಾರತ–ಆರೋಗ್ಯ ಕರ್ನಾಟಕ ಯೋಜನೆಯ ಮೂಲಕ ಬೊಕ್ಕಸವೇ ಹೊರಲು ಏರ್ಪಾಡಾಯಿತು. ೨೦೨೧ನೆಯ ಜೂನ್ ೨೧ರಿಂದ ಹದಿನೆಂಟು ತುಂಬಿದವರೆಲ್ಲರಿಗೂ ಲಸಿಕೆಯನ್ನು ಕೇಂದ್ರ ಸರಕಾರವು ಉಚಿತವಾಗಿ ಒದಗಿಸಿತು. ಆಜ್ಞೆ ಹೊರಡಿಸುವುದಕ್ಕಿಂತ ವೆಚ್ಚ ಹೊರುವುದು ಕಠಿಣ; ವೆಚ್ಚ ಹೊರುವುದಕ್ಕಿಂತಲೂ ನಂಬಿಕೆ ಗಳಿಸುವುದು ಕಠಿಣ.

ಮುಂದೊಮ್ಮೆ ಇನ್ನಾವುದೋ ಹೆಸರಿನಿಂದ ಮಾರಿಯು ಬರದೆ ಇರಲಾರದು. ಅಂದು ತಾಲೂಕಿನ ಅಧಿಕಾರಿಯೂ ದವಾಖಾನೆಯ ವೈದ್ಯನೂ ಊರಿನ ಹಿರಿಯನೂ ಮೂರು ಪ್ರಶ್ನೆಗಳನ್ನು ತಮಗೆ ತಾವೇ ಕೇಳಿಕೊಳ್ಳಲಿ. ಪ್ರಜೆಗೆ ವಿಧಿಸುವುದನ್ನು ತಾವು ಮೊದಲು ಆಚರಿಸಿದ್ದಾರೆಯೇ? ದಿನಗೂಲಿಯವನು ಮನೆಯಲ್ಲಿ ಕುಳಿತ ದಿನದ ಗಂಜಿಗೆ ಏರ್ಪಾಡಾಗಿದೆಯೇ? ಕೆಡುಕು ಸಂಭವಿಸಿದರೆ ಅದನ್ನು ನಿಷ್ಪಕ್ಷಪಾತವಾಗಿ ವಿಚಾರಿಸುವರೇ, ಅಥವಾ ಒಬ್ಬನ ತಲೆಗೆ ಕಟ್ಟಿ ಕೈ ತೊಳೆದುಕೊಳ್ಳುವರೇ? ಮೂರಕ್ಕೂ ಸಮಾಧಾನದ ಉತ್ತರವು ದೊರೆತಲ್ಲಿ ಚಿಮ್ಮಡದ ಕೊನೆಯ ಮನೆಯ ಬಾಗಿಲೂ ತಾನಾಗಿ ತೆರೆಯುವುದು. ಹಾಫ್ಕಿನ್ ಮಹಾಶಯರ ಋಣವನ್ನು ತೀರಿಸುವ ಬಗೆ ಅದುವೇ.