ಕೊಡಗಿನ ಕುವರಿಗೆ ದೊರೆತ ಅಣ್ಣ

ಮಂಡ್ಯ, ಮದ್ದೂರು, ಮಳವಳ್ಳಿಯ ಗದ್ದೆಗಳಿಗೆ ನೀರುಣಿಸುವ ಕಾವೇರಿ ಹುಟ್ಟುವುದು ಕೊಡಗಿನಲ್ಲಿ. ಆ ನಾಡಿನ ಕಡೆಯ ಅರಸ ಚಿಕವೀರರಾಜೇಂದ್ರನನ್ನು ಮಾಸ್ತಿಯವರ ಕಾದಂಬರಿಯ ಮೂಲಕ ಬಲ್ಲವರು ನಮ್ಮಲ್ಲಿ ಬಹಳ ಮಂದಿ. ಅವನ ಮಗಳು ಗೌರಮ್ಮನ ಬಾಳನ್ನು ಅರಿತವರು ಮಾತ್ರ ವಿರಳ.

1834ರಲ್ಲಿ ಇಂಗ್ಲಿಷರು ಕೊಡಗನ್ನು ವಶಪಡಿಸಿಕೊಂಡು ಅರಸನನ್ನು ಕಾಶಿಗೆ ಕಳುಹಿಸಿದರು. ಗೌರಮ್ಮ ಜನಿಸಿದ್ದು ಅಲ್ಲಿಯೇ, 1841ರ ಜುಲೈ 4ರಂದು. ಸ್ವಂತ ನಾಡಿನ ಹೆಸರು ಅವಳಿಗೆ ಹಿರಿಯರ ಬಾಯಿಂದ ಕೇಳಿದ ಕಥೆಯಾಗಿಯಷ್ಟೇ ಉಳಿಯಿತು. 1852ರಲ್ಲಿ ತಂದೆ ಅವಳನ್ನು ಕರೆದುಕೊಂಡು ಇಂಗ್ಲೆಂಡಿಗೆ ಹೊರಟ. ಮಗಳನ್ನು ಕ್ರೈಸ್ತಳಾಗಿ ಬೆಳೆಸಬೇಕೆಂಬುದು ಒಂದು ಉದ್ದೇಶ; ಈಸ್ಟ್ ಇಂಡಿಯಾ ಕಂಪನಿಯಿಂದ ತನಗೆ ಸಲ್ಲಬೇಕಾದ ಹಣವನ್ನು ವಸೂಲು ಮಾಡುವುದು ಇನ್ನೊಂದು. ಎರಡರಲ್ಲಿ ಯಾವುದು ಮುಂದು, ಯಾವುದು ಹಿಂದು ಎಂಬುದನ್ನು ದೇವರೇ ಬಲ್ಲ.

ಅದೇ ವರ್ಷ ಜೂನ್ 30ರಂದು ಬಕಿಂಗ್‌ಹ್ಯಾಮ್ ಅರಮನೆಯಲ್ಲಿ ಕ್ಯಾಂಟರ್‌ಬರಿಯ ಮಹಾಧರ್ಮಾಧ್ಯಕ್ಷರು ಅವಳಿಗೆ ಆಂಗ್ಲಿಕನ್ ವಿಧಿಯಂತೆ ದೀಕ್ಷಾಸ್ನಾನವನ್ನಿತ್ತರು. ಸ್ವತಃ ವಿಕ್ಟೋರಿಯಾ ರಾಣಿಯೇ ಜ್ಞಾನತಾಯಿಯಾಗಿ ನಿಂತು ತನ್ನ ಹೆಸರನ್ನೇ ಮಗುವಿಗೆ ಕೊಟ್ಟಳು. ಹನ್ನೊಂದು ತುಂಬಲು ಅವಳಿಗೆ ಇನ್ನೂ ನಾಲ್ಕು ದಿನವಿತ್ತು. ಹೆಸರಾಂತ ಚಿತ್ರಕಾರ ವಿಂಟರ್‌ಹಾಲ್ಟರ್ ಅವಳ ಚಿತ್ರ ಬರೆದ.

ಮುಂದಿನ ದಿನಗಳು ಕಠಿಣವಾದವು. ಬಾಲಕಿಯನ್ನು ಡ್ರಮಂಡ್ ದಂಪತಿಗಳ ಪಾಲನೆಗೆ ಒಪ್ಪಿಸಲಾಯಿತು. ತಂದೆಯ ಪ್ರಭಾವ ಅವಳ ಮೇಲೆ ಬೀಳಬಾರದೆಂದು ಅವರಿಬ್ಬರ ಭೇಟಿಗೂ ಮಿತಿ ಹಾಕಿದರು. ಮಕ್ಕಳನ್ನು ವಸತಿಶಾಲೆಯಲ್ಲಿ ಬಿಟ್ಟು ಕಣ್ಣೊರೆಸಿಕೊಳ್ಳುತ್ತಾ ಬಸ್ಸು ಹತ್ತುವ ತಾಯಂದಿರನ್ನು ನಾನು ಪ್ರತಿ ಜೂನ್ ತಿಂಗಳಲ್ಲೂ ಕಾಣುತ್ತೇನೆ. ಆ ಮಕ್ಕಳಿಗೆ ದಸರಾ ರಜೆಯಾದರೂ ಉಂಟು. ಗೌರಮ್ಮನಿಗೆ ಹಿಂತಿರುಗಲು ಊರೇ ಇರಲಿಲ್ಲ.

ರಾಣಿಯ ವಾತ್ಸಲ್ಯ ನಟನೆಯಾಗಿರಲಿಲ್ಲ. ಅರಮನೆಗೆ ಅವಳನ್ನು ಕರೆಸಿಕೊಳ್ಳುತ್ತಿದ್ದಳು. ರಾಣಿಯ ಹಿರಿಯ ಮಗಳು ಗೌರಮ್ಮನಿಗಿಂತ ಕೆಲವೇ ತಿಂಗಳು ದೊಡ್ಡವಳು. ಆದರೂ ಸ್ನೇಹವು ಸಮಾನರ ನಡುವೆ ಬೆಳೆಯುವಷ್ಟು ಸಹಜವಾಗಿ ಮೇಲು ಕೀಳಿನ ನಡುವೆ ಬೆಳೆಯದೆಂದು ಅರಿಸ್ಟಾಟಲ್ ಬಹು ಹಿಂದೆಯೇ ವಿವೇಚಿಸಿದ್ದಾನೆ. ತನ್ನ ತಂದೆಯ ರಾಜ್ಯ ಯಾರ ಕೈ ಸೇರಿತೋ ಅವರ ಮನೆಯ ಅತಿಥಿಯಾಗಿದ್ದ ಹುಡುಗಿ ಮನಸ್ಸು ಬಿಚ್ಚಿ ಏನು ಮಾತನಾಡಿಯಾಳು?

1854ರಲ್ಲಿ ಪಂಜಾಬಿನ ದುಲೀಪ್ ಸಿಂಗ್ ಇಂಗ್ಲೆಂಡಿಗೆ ಬಂದ. ಅವಳಿಗಿಂತ ಮೂರು ವರ್ಷಕ್ಕೆ ಸ್ವಲ್ಪ ಕಡಿಮೆ ಹಿರಿಯ. ಬಾಲ್ಯದಲ್ಲೇ ಸಿಂಹಾಸನವನ್ನೂ ತಾಯಿಯ ಮಡಿಲನ್ನೂ ಕಳೆದುಕೊಂಡವನು, 1853ರಲ್ಲಿ ಕ್ರೈಸ್ತನಾದವನು. ಒಬ್ಬನು ಸಿಂಧೂ ನದಿಯ ಸೀಮೆಯವನು, ಇನ್ನೊಬ್ಬಳು ಕಾವೇರಿಯ ನಾಡಿನವಳು. ಭಾರತದಲ್ಲೇ ಇದ್ದಿದ್ದರೆ ಪರಸ್ಪರ ಮುಖವನ್ನೂ ಕಾಣುತ್ತಿರಲಿಲ್ಲವೇನೋ. ಪರದೇಶದಲ್ಲಿ ಮಾತ್ರ ಒಬ್ಬರ ನೋವು ಇನ್ನೊಬ್ಬರಿಗೆ ವಿವರಿಸದೆಯೇ ತಿಳಿಯುವಂತಹದ್ದಾಗಿತ್ತು.

ಇವರು ವಿವಾಹವಾಗಲಿ ಎಂಬುದು ರಾಣಿಯ ಆಸೆ. ದುಲೀಪ್ ಒಪ್ಪಲಿಲ್ಲ, ಅವನಿಗೆ ಅವಳಲ್ಲಿದ್ದುದು ಸೋದರಭಾವ. ಇದನ್ನು ಅವಳ ದುರದೃಷ್ಟವೆಂದು ಬರೆದವರಿದ್ದಾರೆ. ನನಗೆ ಹಾಗೆನಿಸುವುದಿಲ್ಲ. ಅವಳ ಬದುಕಿನಲ್ಲಿ ದೊಡ್ಡವರು ಏರ್ಪಡಿಸದೆ ದೊರೆತ ಬಾಂಧವ್ಯಗಳು ಎಷ್ಟಿದ್ದವು? ರಾಣಿಯ ಅಪೇಕ್ಷೆಗೂ ಬಾಗದೆ ಅಣ್ಣನಾಗಿಯೇ ಉಳಿಯುವೆನೆಂದ ಗೆಳೆಯನೊಬ್ಬ ಅವಳಿಗೆ ಸಿಕ್ಕಿದ್ದನು.

ದುಲೀಪನನ್ನು ಸಾಕಿದ ಲಾಗಿನ್ ದಂಪತಿಗಳ ಆಶ್ರಯಕ್ಕೆ ಮುಂದೆ ಗೌರಮ್ಮನೂ ಬಂದಳು. 1859ರಲ್ಲಿ ತಂದೆ ಲಂಡನ್ನಿನಲ್ಲಿಯೇ ತೀರಿಕೊಂಡ. ಮರುವರ್ಷ ಅವಳು ಲೇಡಿ ಲಾಗಿನ್‌ಳ ಸಹೋದರ ಕರ್ನಲ್ ಜಾನ್ ಕ್ಯಾಂಪ್‌ಬೆಲ್‌ನನ್ನು ವರಿಸಿದಳು. ಆತ ವಿಧುರ, ವಯಸ್ಸಿನಲ್ಲಿ ಬಹಳ ಹಿರಿಯ. 1861ರಲ್ಲಿ ಮಗಳು ಎಡಿತ್ ಹುಟ್ಟಿದಳು. ಆ ಕೂಸಿನ ಹೆಸರಿನಲ್ಲಿ ವಿಕ್ಟೋರಿಯಾ ಎಂಬುದರೊಡನೆ ಗೌರಮ್ಮ ಎಂಬುದನ್ನೂ ಸೇರಿಸಲಾಯಿತು.

ಕ್ಷಯರೋಗ ಅವಳನ್ನು ಹೆಚ್ಚು ಕಾಲ ಬದುಕಗೊಡಲಿಲ್ಲ. 1864ರ ಮಾರ್ಚ್ 30ರಂದು, ಇಪ್ಪತ್ತೆರಡನೆಯ ವಯಸ್ಸಿನಲ್ಲಿ ಗೌರಮ್ಮ ಕಣ್ಮುಚ್ಚಿದಳು. ತಂದೆಯ ಸಮಾಧಿ ಲಂಡನ್ನಿನ ಕೆನ್ಸಲ್ ಗ್ರೀನ್‌ನಲ್ಲಿದೆ; ಮಗಳದು ಅದೇ ನಗರದ ಬ್ರಾಂಪ್ಟನ್‌ನಲ್ಲಿ.